ನಾಲ್ಕು ಗೀರುಗಳ ಹಾಡು

"ತುಂಡು ತುಂಡಾಗಿ ಎಷ್ಟು ಬೇಕಾದ್ರೂ ಕೇಳಿ. ಜೋಡಿಸ್ಬೇಡಿ," ಎಂದಳು ಡ್ರಮ್ಮರನ ತಂಗಿ.

ಕತ್ತರಿ ನಕ್ಕುಬಿಟ್ಟ. ಜೋಡಿಸುವುದೇ ಅವನ ಹೊಟ್ಟೆಪಾಡು. ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ ಅಂಟಿಸುವ ಕೆಲಸ ಅವನದು. ಗಾಯಕಿ ಕೆಮ್ಮಿದ ಕಡೆ ಬ್ಲೇಡು ಹಾಕಿ, ಬೇರೆ ದಿನ ಹಾಡಿದ ಸಾಲನ್ನು ತಂದು ಅಂಟಿಸಿ, ಅಂಟಿಸಿದ್ದು ಯಾರ ಕಿವಿಗೂ ಬೀಳದಂತೆ ಮಾಡುವುದರಲ್ಲಿ ಎತ್ತಿದ ಕೈ. ಈ ಊರಿಗೆ ಬಂದು ವರ್ಷ ಕಳೆಯುವುದರೊಳಗೆ ಅವನ ಸ್ವಂತ ಹೆಸರು ಮೂಲೆಗೆ ಬಿದ್ದು, ಎಲ್ಲರ ಬಾಯಲ್ಲೂ ಅವನು ಕತ್ತರಿಯಾಗಿದ್ದ.

"ಜೋಡಿಸಿದ್ರೆ ಏನಾಗುತ್ತಮ್ಮಾ? ದೆವ್ವ ಎದ್ದು ಬರುತ್ತಾ?"

"ಮಾಟ ಮಾಡ್ಸಿರೋ ಹಾಡು ಅದು."

"ಮಾಟ ಆದ್ರೂ ಮುಳ್ಳು ಸವೆಯೋದನ್ನ ತಡೆಯೋಕಾಗ್ಲಿಲ್ಲ ನೋಡಿ," ಎಂದ ಕತ್ತರಿ, ಅವಳ ಹಳೆಯ ಗ್ರಾಮಫೋನಿನ ಮೊಂಡು ಮುಳ್ಳನ್ನು ಬೆರಳಲ್ಲಿ ಹಿಡಿದು ತೋರಿಸುತ್ತ. ತನ್ನ ಮಾತಿಗೆ ತಾನೇ ನಕ್ಕ. ಅವಳು ನಗಲಿಲ್ಲ.

ಆ ಮುಳ್ಳೇ ಅವನನ್ನು ಈ ಕೋಣೆಗೆ ಕರೆತಂದಿತ್ತು. ಅಂಥ ಮುಳ್ಳು ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ; ಅವನ ಪೆಟ್ಟಿಗೆಯಲ್ಲಿ ಹೊಸದೊಂದಿತ್ತು. ಮುಳ್ಳು ಅವಳಿಗೆ, ಅವಳ ರೆಕಾರ್ಡಿನ ನಕಲು ಅವನಿಗೆ, ಎಂದು ಒಪ್ಪಂದವಾಗಿತ್ತು. ಇಸ್ತ್ರಿ ಅಂಗಡಿಯ ಮೇಲಿನ ಕೋಣೆ. ಕೆಳಗಿನ ಬಿಸಿ ಬಟ್ಟೆಯ ವಾಸನೆ, ಮೇಲಿನ ನುಸಿಗುಳಿಗೆಯ ವಾಸನೆ ಒಂದಕ್ಕೊಂದು ಬೆರೆತು ಗಂಟಲು ಕಟ್ಟುತ್ತಿತ್ತು. ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿ ಅವಳ ಅಣ್ಣ, ಒಂದು ಕಾಲದ ಡ್ರಮ್ಮರ್, ಕೂತಿದ್ದ. ಅವನಿಗೆ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು. ಬೆರಳುಗಳು ಮಾತ್ರ ಕುರ್ಚಿಯ ತೋಳಿನ ಮೇಲೆ ತಾಳ ಹಾಕುತ್ತಲೇ ಇದ್ದವು.

ಅವನ ತಂಡಕ್ಕೆ ಷೆಡ್ಡಿನವರು ಎಂದು ಹೆಸರು; ಆ ಹೆಸರು ಕೇಳಿದರೆ ಈಗಲೂ ಗಿಟಾರ್ ಹಿಡಿದ ಹುಡುಗರು ಗೌರವದಿಂದ ಕಿವಿ ಮುಟ್ಟಿಕೊಳ್ಳುತ್ತಾರೆ. ಲಾರಿ ರಿಪೇರಿಯ ಷೆಡ್ಡೊಂದರಲ್ಲಿ, ಗ್ರೀಸಿನ ಡಬ್ಬಗಳ ನಡುವೆ, ಹರಿದ ಸ್ಪೀಕರಿನಲ್ಲಿ ನಾಲ್ಕು ಜನ ಎಬ್ಬಿಸಿದ ಗದ್ದಲವೇ ಮುಂದಿನವರಿಗೆಲ್ಲ ದಾರಿಯಾಯಿತು. ಅವರ ಹೆಸರಾಂತ ರೆಕಾರ್ಡುಗಳು ಹಾದಿಬೀದಿಯವರ ಮನೆಯಲ್ಲೂ ಇದ್ದವು. ಕತ್ತರಿಗೆ ಅವು ಬೇಡ. ಸೋಪಿನ ಜಾಹೀರಾತಿಗೆ ಬಾರಿಸಿದ್ದು, ಬೇರೆ ಹೆಸರು ಹಾಕಿಕೊಂಡು ಮುದ್ರಿಸಿದ್ದು, ಯಾವುದೋ ಅಳುಬುರುಕ ಗಾಯಕನ ಹಿಂದೆ ಮುಖ ಮರೆಸಿಕೊಂಡು ನುಡಿಸಿದ್ದು, ಇಂಥವನ್ನು ಗುಜರಿಯವರ ಬಳಿ, ಸತ್ತವರ ಅಟ್ಟದಲ್ಲಿ ಕೆದಕಿ ತರುವುದೇ ಅವನ ಹುಚ್ಚು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆ ತನ್ನ ಗಂಡನ ಮಟ್ಟಿಗೆ ಸುಳ್ಳು, ಮದುವೆಯಾದ ಮೇಲೂ ಬಿಟ್ಟಿಲ್ಲ ಎಂದು ಹೆಂಡತಿ ಹಂಗಿಸುತ್ತಿದ್ದಳು.

ಅವರ ಕೊನೆಯ ಹಾಡು ಮಾರಾಟಕ್ಕೆ ಬರಲೇ ಇಲ್ಲ. ಅಚ್ಚಾದದ್ದು ನಾಲ್ಕೇ ಪ್ರತಿ, ಒಬ್ಬೊಬ್ಬರಿಗೆ ಒಂದು. ವಿಚಿತ್ರವೆಂದರೆ ನಾಲ್ಕು ಪ್ರತಿಯಲ್ಲೂ ಕಾಲು ಭಾಗ ಮಾತ್ರ ಉಳಿಸಿ, ಮಿಕ್ಕದ್ದನ್ನು ಮೊಳೆಯಿಂದ ಗೀರಿ ಹಾಳು ಮಾಡಿದ್ದರು. ಒಬ್ಬನದರಲ್ಲಿ ಉಳಿದದ್ದು ಇನ್ನೊಬ್ಬನದರಲ್ಲಿ ಇಲ್ಲ. ಮೂರು ಪ್ರತಿಗಳನ್ನು ಕತ್ತರಿ ಆಗಲೇ ಗಿಟ್ಟಿಸಿಕೊಂಡಿದ್ದ. ಇದು ನಾಲ್ಕನೆಯದು.

"ಮಾತು ಕೊಡಿ," ಎಂದಳು ಅವಳು. "ನಿಮ್ಮ ಮನೇಲಿ ಯಾರೂ ಅದನ್ನ ಮೊದಲಿಂದ ಕೊನೇವರೆಗೆ ಕೇಳ್ಬಾರ್ದು."

"ಕೊಟ್ಟೆ ಕಣಮ್ಮ."

ಆಗ ತಾಳ ನಿಂತಿತು. ಮುದುಕ ಕೈ ಚಾಚಿ ಕತ್ತರಿಯ ಮಣಿಕಟ್ಟು ಹಿಡಿದ. ಹಿಡಿತ ಕಬ್ಬಿಣದ್ದು. ಬಾಯಿ ತೆರೆಯಿತು, ನಾಲಿಗೆ ಆಡಿತು, ಉಸಿರು ಬಂತು. ಉಸಿರಷ್ಟೇ ಬಂತು. ಕತ್ತರಿ ಮೆಲ್ಲಗೆ ಕೈ ಬಿಡಿಸಿಕೊಂಡು, ನಕಲಿನ ಟೇಪನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ.

ಮನೆಯ ಉಗ್ರಾಣವನ್ನೇ ಅವನು ಧ್ವನಿಕೋಣೆ ಮಾಡಿಕೊಂಡಿದ್ದ. ಕಿಟಕಿಯಿಲ್ಲ. ಗೋಡೆಗೆಲ್ಲ ಹಳೆಯ ರಜಾಯಿ, ಅದರ ಮೇಲೆ ಮೊಟ್ಟೆಯ ಟ್ರೇಗಳು. ಬಾಗಿಲಿಗೆ ಎರಡು ಪದರ ಕಂಬಳಿ. ಒಳಗೆ ಕಿರುಚಿದರೂ ಹೊರಗೆ ಕೇಳದು, ಹೊರಗೆ ಬಡಿದರೂ ಒಳಗೆ ಕೇಳದು. ಅದು ಅವನ ಹೆಮ್ಮೆ. ಆ ಕತ್ತಲಿಗೆ ಬರಲು ಅಪ್ಪಣೆಯಿದ್ದದ್ದು ಒಬ್ಬಳಿಗೆ ಮಾತ್ರ, ಮಗಳು ಗಿಣಿಗೆ. ಶಾಲೆಗೆ ಸೇರಿ ವರ್ಷವಾಗಿರಲಿಲ್ಲ, ಬಾಯಿ ಮಾತ್ರ ಬೊಂಬಾಯಿ. ಇರುವೆಗೆ ಮಂಡಿ ಇದೆಯಾ, ನಿದ್ದೆ ಮಾಡುವಾಗ ಕಣ್ಣು ಎಲ್ಲಿ ನೋಡುತ್ತದೆ, ಹೀಗೆ ಎದ್ದ ಗಳಿಗೆಯಿಂದ ಪ್ರಶ್ನೆಗಳ ಮಳೆ. ಟೇಪು ಓಡುವಾಗ ಬಾಗಿಲು ಹಾಕಿ ಚಿಲಕ ಏರಿಸಬೇಕು, ಮುಗಿಯುವವರೆಗೆ ತೆರೆಯಬಾರದು, ತುಟಿ ಪಿಟಕ್ಕೆನ್ನಬಾರದು ಎಂದು ಅವನೇ ಅವಳಿಗೆ ಕಲಿಸಿದ್ದ. ಊರವರ ದನಿಯೆಲ್ಲ ಅವನ ಕಪಾಟಿನಲ್ಲಿತ್ತು. ಮಗಳದು ಒಂದು ಸಾಲೂ ಇರಲಿಲ್ಲ. ಮನೆಯಲ್ಲೇ ಇರುವ ಹುಡುಗಿ, ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡಿದ್ದ.

ಮಾತು ಕೊಟ್ಟದ್ದು ಮೂರು ದಿನವೂ ತಡೆಯಲಿಲ್ಲ. ರಜೆಯ ದಿನ ಊಟವಾದ ಮೇಲೆ ಕತ್ತರಿ ಬ್ಲೇಡು ತೆಗೆದುಕೊಂಡ. ಟೇಪನ್ನು ಓರೆಯಾಗಿ ಕೊಯ್ದು, ತುದಿಗೆ ತುದಿ ಸೇರಿಸಿದ. ಬೇರೆ ಬೇರೆ ಪ್ರತಿಗಳು ಒಂದೇ ವೇಗಕ್ಕೆ ಬರಬೇಕಾದರೆ ಸಾಮಾನ್ಯವಾಗಿ ಬೆವರು ಕಿತ್ತುಬರುತ್ತದೆ. ಇವು ಹಾಗಲ್ಲ. ತುದಿಗಳು ಹತ್ತಿರ ಬಂದದ್ದೇ ತಡ, ತಾವಾಗಿ ಅಂಟಿಕೊಂಡವು. ಎಲ್ಲಿಂದಲೋ ಕೂದಲು ಸುಟ್ಟ ವಾಸನೆ ಬಂತು. ಮೋಟಾರು ಕಾದಿರಬೇಕು ಎಂದು ಮುಟ್ಟಿ ನೋಡಿದ. ತಣ್ಣಗಿತ್ತು.

ಗಿಟಾರಿನ ಅಡಿಯಲ್ಲಿ ಗುಂಪು ದನಿಯೊಂದಿತ್ತು. ಬಿಡಿ ತುಂಡುಗಳನ್ನು ಕೇಳಿದ್ದ ಒಬ್ಬಿಬ್ಬರು ರೆಕಾರ್ಡು ಸಂಗ್ರಹಕಾರರು ಅದನ್ನು ಗುಪ್ತ ಕೋರಸ್ ಎನ್ನುತ್ತಿದ್ದರು. ಯಾರು ಹಾಡಿದರೆಂದು ಯಾರಿಗೂ ಗೊತ್ತಿರಲಿಲ್ಲ. ಕೆಲಸದ ಗುಂಗಿನಲ್ಲಿ ಕತ್ತರಿ ಅದಕ್ಕೆ ಕಿವಿಗೊಡಲಿಲ್ಲ. ಜೋಡಿಸುವವನು ತುದಿಗಳನ್ನಷ್ಟೇ ಕೇಳುತ್ತಾನೆ. ಹಾಡನ್ನು ಇಡಿಯಾಗಿ ಅವನಿನ್ನೂ ಕೇಳಿರಲಿಲ್ಲ.

"ಅಪ್ಪ, ಮುಗೀತಾ? ನಾನು ಒತ್ಲಾ?"

"ಒತ್ತು, ರಾಣಿ. ಪ್ರಪಂಚದಲ್ಲಿ ಯಾರೂ ಕೇಳದ ಹಾಡು ಇದು. ಮೊದಲು ನಾವಿಬ್ರೇ."

ಗಿಣಿ ಗುಂಡಿ ಒತ್ತಿದಳು. ಚಕ್ರಗಳು ತಿರುಗಿದವು. ಅಷ್ಟರಲ್ಲಿ, ಇನ್ನೂ ಹಾಕದಿದ್ದ ಬಾಗಿಲ ಸಂದಿಯಿಂದ ಹಜಾರದ ಫೋನಿನ ಗಂಟೆ ಕೇಳಿಸಿತು. ಆಸ್ಪತ್ರೆಯಿಂದ ಹೆಂಡತಿ ಇರಬೇಕು, ಅವಳಿಗೆ ಆ ದಿನ ಹಗಲು ಪಾಳಿ. "ಕೂತಿರು, ಬಂದೆ," ಎಂದು ಎದ್ದು ಹೋದ.

ಫೋನಿನಲ್ಲಿ ಮಾತಿರಲಿಲ್ಲ. ಟಕ್. ಟಕ ಟಕ್. ಟಕ್. ಯಾರೋ ಬೆರಳಿನಿಂದ ಬಡಿಯುತ್ತಿದ್ದರು. ಆ ಹಾಡಿನದೇ ತಾಳ. ಕತ್ತರಿಗೆ ಮೋಜೆನಿಸಿತು. ಮುದುಕ ತನಗಾಗಿ ಬಾರಿಸುತ್ತಿದ್ದಾನೆ ಎಂದುಕೊಂಡು ತಾನೂ ಗೋಡೆಯ ಮೇಲೆ ತಾಳ ಹಾಕುತ್ತ ನಿಂತ. ಆ ತಾಳ ಬರಬರುತ್ತ ಹುಚ್ಚು ಹಿಡಿದಂತೆ ಜೋರಾಯಿತು. ಆಮೇಲೆ ಫೋನು ಕೈ ಬದಲಾಯಿತು.

"ಜೋಡಿಸಿದ್ರಾ?" ಈಗ ತಂಗಿಯ ದನಿ. "ಅಣ್ಣ ಊಟ ಆದಾಗ್ನಿಂದ ಗಂಟಲು ಹಿಡ್ಕೊಂಡು ಒದ್ದಾಡ್ತಿದಾನೆ. ಹೇಳಿ, ಜೋಡಿಸಿದ್ರಾ? ಯಾರು ಕೇಳ್ತಿದಾರೆ ಈಗ?"

ಕತ್ತರಿ ತಿರುಗಿ ನೋಡಿದ. ಧ್ವನಿಕೋಣೆಯ ಬಾಗಿಲು ಮುಚ್ಚಿತ್ತು.

ಓಡಿದ. ತಳ್ಳಿದ. ಒಳಗಿನಿಂದ ಚಿಲಕ. ಕಲಿಸಿದ್ದನ್ನು ಮಗಳು ಮರೆತಿರಲಿಲ್ಲ. "ಗಿಣೀ!" ಎಂದು ಕೂಗಿದ. ಕಂಬಳಿ ಅವನ ಕೂಗನ್ನು ನುಂಗಿತು. ಮುಷ್ಟಿಯಿಂದ ಬಡಿದ. ಭುಜದಿಂದ ಗುದ್ದಿದ. ಒಳಗಿಂದ ಒಂದು ಸದ್ದಿಲ್ಲ. ಹಾಡು ಎಲ್ಲಿಗೆ ಬಂತು? ಮೊದಲ ಕಾಲು ಭಾಗವಾ? ಕೊನೆಯದಾ? ಕಿವಿಯಿಟ್ಟ. ತನ್ನ ಎದೆಬಡಿತ ಮಾತ್ರ. ಸಂದಿಯಿಂದ ಸುಟ್ಟ ಕೂದಲಿನ ವಾಸನೆ ಹೊರಬರುತ್ತಿತ್ತು. ಕುರ್ಚಿ ಎತ್ತಿ ಅಪ್ಪಳಿಸಿದ. ಕುರ್ಚಿ ಮುರಿಯಿತು. ಬಾಗಿಲು ಮುರಿಯಲಿಲ್ಲ. ಅಷ್ಟು ಗಟ್ಟಿಯಾಗಿ ಮಾಡಿಸಿದವನು ಅವನೇ. ಮೆಟ್ಟಿಲ ಬಳಿಯ ಫ್ಯೂಸು ಕೀಳಬಹುದಿತ್ತು ಎಂಬುದು ಅವನಿಗೆ ಹೊಳೆದದ್ದು ಮರುದಿನ.

ಕೊನೆಗೆ ಒಳಗಿನಿಂದಲೇ ಚಿಲಕ ಸರಿಯಿತು. ಗಿಣಿ ಹೊಸ್ತಿಲಲ್ಲಿ ನಿಂತಿದ್ದಳು. ಹಿಂದೆ ಮುಗಿದ ಟೇಪಿನ ತುದಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವಳು ನಗುತ್ತ ಬಾಯಿ ತೆರೆದಳು. ತುಟಿ ಆಡಿತು. ಇನ್ನೊಮ್ಮೆ ಆಡಿತು. ನಗು ಹೋಯಿತು. ಗಂಟಲಿಗೆ ಕೈ ಹೋಯಿತು. ಕಣ್ಣು ಅಗಲವಾಗಿ ಅಪ್ಪನನ್ನೇ ನೋಡುತ್ತ, ಸದ್ದಿಲ್ಲದೆ, ಅವಳು ಕಿರುಚತೊಡಗಿದಳು.

ಡಾಕ್ಟರುಗಳು ಗಂಟಲಿಗೆ ದೀಪ ಬಿಟ್ಟು ನೋಡಿದರು. ಎಲ್ಲ ಸರಿಯಾಗಿದೆ, ಹೆದರಿಕೊಂಡಿರಬೇಕು ಎಂದರು. ಹೆಂಡತಿ ತಾನು ಕೆಲಸ ಮಾಡುವ ಆಸ್ಪತ್ರೆಯ ಎಲ್ಲ ಬಾಗಿಲನ್ನೂ ತಟ್ಟಿದಳು. ಕತ್ತರಿ ಟೇಪಿನ ಕೊನೆಯ ಭಾಗವನ್ನು ಮಾತ್ರ ಹಾಕಿ ಕೇಳಿದ. ಕೊನೆಯ ಗಿಟಾರ್ ಆರಿದ ಮೇಲೆ ಅಲ್ಲಿ ಏನೂ ಇರಬಾರದಿತ್ತು. ಇತ್ತು.

"ಅಪ್ಪ, ಹಾಡು ಮುಗೀತು. ಬಾಗಿಲು ಎಲ್ಲಿ?"

ಟೇಪನ್ನು ಕತ್ತರಿಸಿ ಒಲೆಗೆ ಹಾಕಿಬಿಡಲು ಎದ್ದ. ಒಮ್ಮೆ ಕೇಳಿ ಬರೋಣ ಎಂದು ಮೊದಲು ಇಸ್ತ್ರಿ ಅಂಗಡಿಯ ಮೇಲಿನ ಕೋಣೆಗೆ ಓಡಿದ. ಓಡಿದ್ದು ಒಳ್ಳೆಯದಾಯಿತು.

"ಸುಡ್ಬೇಡಿ," ಎಂದಳು ಡ್ರಮ್ಮರನ ತಂಗಿ. ಅವಳು ಬೈಯಲಿಲ್ಲ; ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಹಾಡೋನ ಗಂಟಲಿಗೆ ರೋಗ ಬಂದಿತ್ತು. ಯಾರ ಹತ್ರಾನೋ ಹೋಗಿ ಮಾಟ ಮಾಡ್ಸಿದ. ಅವನ ಕೂದಲು ಸುಟ್ಟ ಬೂದೀನ ರೆಕಾರ್ಡಿನ ಅರಗಿಗೇ ಬೆರೆಸಿದ್ರು. ಪೂರ್ತಿ ಕೇಳಿದೋರ ದನಿ ಹಾಡಿಗೆ ಹೋಗುತ್ತೆ. ಆ ದನೀಲಿ ಅವನು ಹಾಡ್ತಾನೆ. ಮೊದಲು ಕೇಳಿದೋರು ಅವನ ಜೊತೆಗಾರರೇ ಮೂರು ಜನ. ನಾನು ಟೀ ತರೋಕೆ ಎದ್ದು ಹೋಗಿದ್ದೆ, ಬಚಾವಾದೆ."

"ಅವನು?"

"ಸತ್ತ. ಹಾಡು ಸಾಯ್ಲಿಲ್ಲ."

"ಹಾಗಾದ್ರೆ ರೆಕಾರ್ಡನ್ನ ಯಾಕೆ ಒಡೀಲಿಲ್ಲ ನೀವು?"

ಅವಳು ಗ್ರಾಮಫೋನಿನ ಮೇಲೆ ಪ್ರತಿಯನ್ನಿಟ್ಟು, ಅವನೇ ಕೊಟ್ಟ ಹೊಸ ಮುಳ್ಳನ್ನು ಇಳಿಸಿದಳು. ಗುಂಪು ದನಿಯೊಳಗಿಂದ ಎಳೆಯ ಗಂಡಸಿನ ದನಿಯೊಂದು ಬಿಡಿಯಾಗಿ ಎದ್ದು ಬಂತು: "ತಂಗೀ, ಟೀ ತಂದ್ಯಾ?" ಬೆತ್ತದ ಕುರ್ಚಿಯಲ್ಲಿ ಮುದುಕ ಕಣ್ಣು ಮುಚ್ಚಿಕೊಂಡ. ಅವಳು ಮುಳ್ಳು ಎತ್ತಿದಳು.

"ಒಡೆದ್ರೆ ಇದೂ ಹೋಗುತ್ತೆ. ಒಬ್ಬೊಬ್ರೂ ತಮ್ಮ ದನಿ ಇರೋ ಜಾಗ ಉಳಿಸ್ಕೊಂಡು ಮಿಕ್ಕಿದ್ದನ್ನ ಗೀರಿದ್ರು. ಸತ್ತೋನ ಪ್ರತೀಲಿ ಅವನದೇ ದನಿ ಇದ್ದ ಕಾಲು ಭಾಗ ಬಿಟ್ಟು ಮಿಕ್ಕಿದ್ದನ್ನ ನಾನೇ ಗೀರಿದೆ. ಅಷ್ಟೇ ನಮ್ಮ ಕೈಲಾಗಿದ್ದು."

"ಬಿಡಿಸೋಕೆ ದಾರಿ?"

ಅವಳು ಅಣ್ಣನ ತಲೆ ನೇವರಿಸಿದಳು. ದಾರಿಯಿದ್ದಿದ್ದರೆ ಅವನು ಹೀಗೆ ಕೂತಿರುತ್ತಿದ್ದನೇ?

ಕತ್ತರಿ ಟೇಪಿನಿಂದ ಟೇಪಿಗೆ ನಕಲು ಮಾಡಿ ನೋಡಿದ. ನಕಲಿನಲ್ಲಿ ಗಿಟಾರ್ ಬಂತು, ರೆಕಾರ್ಡಿನ ಹಳೆಯ ಗುಂಪು ದನಿ ಬಂತು, ಗಿಣಿ ಬರಲಿಲ್ಲ. ಇದ್ದದ್ದು ಅದೊಂದೇ ಸುರುಳಿ, ಅದರ ತುದಿಯ ಗೇಣುದ್ದ ಜಾಗ. ತನ್ನ ದನಿ ಅಲ್ಲಿದೆಯೆಂದು ಮಗಳಿಗೂ ತಿಳಿಯಿತು. ಶಾಲೆಯಿಂದ ಬಂದವಳೇ ಅಪ್ಪನ ಅಂಗಿ ಹಿಡಿದು ಎಳೆಯುತ್ತಾಳೆ, ಯಂತ್ರವನ್ನು ತೋರಿಸುತ್ತಾಳೆ. ಇಲ್ಲವೆನ್ನಲು ಅವನಿಗೆ ಯಾವ ಬಾಯಿ? ಕೊನೆಯ ಭಾಗ ಹಾಕುತ್ತಾನೆ. ಅವಳು ಸ್ಪೀಕರಿಗೆ ಕೆನ್ನೆ ಒತ್ತಿ ತನ್ನನ್ನು ತಾನೇ ಕೇಳಿಸಿಕೊಳ್ಳುತ್ತಾಳೆ.

ಪ್ರತಿ ಸಲ ಓಡಿದಾಗಲೂ ಟೇಪು ಕಂದು ಪುಡಿ ಉದುರಿಸುತ್ತದೆ. ಅದು ಎಲ್ಲ ಟೇಪಿನ ಹಣೆಬರಹ. ಕಡ್ಡಿಗೆ ಹತ್ತಿ ಸುತ್ತಿ ಯಂತ್ರವನ್ನು ಒರೆಸಿದರೆ ಹತ್ತಿ ಕಂದಾಗುತ್ತದೆ. ಜೀವಮಾನವೆಲ್ಲ ಅಂಥ ಹತ್ತಿಯನ್ನು ಕಸದ ಬುಟ್ಟಿಗೆ ಎಸೆದವನು ಈಗ ತಗಡಿನ ಡಬ್ಬಿಯಲ್ಲಿ ಕೂಡಿಡತೊಡಗಿದ. ಅದು ಮಗಳ ದನಿಯಲ್ಲವೇ?

ಮಳೆ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಟೇಪಿನಲ್ಲಿನ ಮಾತು ಬದಲಾಯಿತು. ಪದಗಳಷ್ಟೇ ಅಲ್ಲ, ರಾಗವೂ ಬೇರೆ. ಮೊದಲು ಆಟದ ಬೇಸರವಿತ್ತು. ಈಗ ಅಳು. "ಬಾಗಿಲು ಎಲ್ಲಿ? ಅಪ್ಪಾ, ಕತ್ತಲೆ." ಹಿಂದೆ ಯಾರೋ ದೊಡ್ಡವರು ಒಟ್ಟಾಗಿ ಗೊಣಗುತ್ತಿದ್ದರು. ಅದನ್ನು ಕೇಳಿ ಗಿಣಿ ಸ್ಪೀಕರಿನಿಂದ ಕೆನ್ನೆ ತೆಗೆದು ಅಪ್ಪನ ಮಡಿಲಲ್ಲಿ ಮುಖ ಹುದುಗಿಸಿದಳು.

ಮರುದಿನ ಕತ್ತರಿ ಹೆಂಡತಿಗೆ ಹೇಳಿದ, "ಗಿಣೀನ ಹೊರಗೆ ಆಡಿಸ್ಕೊಂಡು ಬಾ. ನಿಧಾನಕ್ಕೆ ಬಾ."

ಅವಳು ತಡೆಯಬೇಕೋ ಬಿಡಬೇಕೋ ತಿಳಿಯದೆ ಸೆರಗಿನ ತುದಿ ಹಿಂಡಿದಳು. "ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ರೀ."

ಅವನಿಗೆ ಏನೇನೋ ಹೇಳಬೇಕೆನಿಸಿತು. ಬಂದದ್ದು ಇಷ್ಟೇ: "ಅವಳಿಗೆ ಸ್ವೆಟರ್ ಹಾಕು. ಚಳಿ ಇದೆ."

ಅವರು ಮೆಟ್ಟಿಲಿಳಿದ ಸದ್ದು ಆರಿದ ಮೇಲೆ ಕತ್ತರಿ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಸುರುಳಿಯನ್ನು ಮೊದಲಿಗೆ ತಿರುಗಿಸಿದ. ಗುಂಡಿ ಒತ್ತಿದ. ಗಿಟಾರ್ ಕಿರುಚಿತು. ಸುಟ್ಟ ಕೂದಲು. ಎದ್ದು ಓಡು ಎಂದಿತು ಮೈ. ಕೂತ. ಎರಡನೆಯ ಕಾಲು ಭಾಗ. ಯಾರೋ ಟೀ ಕೇಳಿದರು. ಮೂರನೆಯದು. ಗಂಟಲಲ್ಲಿ ದಾರವೊಂದು ಬಿಚ್ಚಿಕೊಳ್ಳುತ್ತಿತ್ತು. ಯಾರೋ ಎಳೆಯುತ್ತಿದ್ದರು. ಮೆಲ್ಲಗೆ. ಒಂದೇ ಸಮನೆ. ನಾಲ್ಕನೆಯದು. ಅಮ್ಮಾ ಎಂದು ಅರಚಲು ಹೋದ. ಬಾಯಿ ತೆರೆಯಿತು. ಖಾಲಿ.

ಸಂಜೆ ಗಿಣಿ ಬಂದು ಅಂಗಿ ಎಳೆದಳು. ಅವನು ಟೇಪಿನ ಕೊನೆಯ ಭಾಗ ಹಾಕಿದ. ಹೆಂಡತಿ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಳು. ಆ ಮನೆಯಲ್ಲಿ ಮಾತಾಡಬಲ್ಲವಳು ಈಗ ಅವಳೊಬ್ಬಳೇ.

"ಅಪ್ಪಾ, ಕತ್ತಲೆ. ಬಾಗಿಲು ಎಲ್ಲಿ?"

ಟೇಪು ಒಂದು ಗಳಿಗೆ ಸುಮ್ಮನೆ ಓಡಿತು. ಆಮೇಲೆ ಕತ್ತರಿ ತನ್ನ ದನಿಯನ್ನು ತಾನೇ ಕೇಳಿದ. "ಇಲ್ಲೇ ಇದೀನಿ, ರಾಣಿ. ಕೈ ಕೊಡು."

ಗಿಣಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಬಾಯಿ ತುಂಬ ನಕ್ಕಳು, ಸದ್ದಿಲ್ಲದೆ. ಅವನು ಹತ್ತಿ ತೆಗೆದುಕೊಂಡು ಯಂತ್ರ ಒರೆಸಿದ. ಕಂದು ಪುಡಿ ಈ ಸಲ ಹೆಚ್ಚಿತ್ತು. ಅದರಲ್ಲಿ ಮಗಳದು ಎಷ್ಟು, ತನ್ನದು ಎಷ್ಟು ಎಂದು ಹೇಳುವಂತಿರಲಿಲ್ಲ. ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

ಗಿಣಿ ಮತ್ತೆ ಅವನ ಅಂಗಿ ಎಳೆದಳು. ಇನ್ನೊಂದೇ ಒಂದು ಸಲ ಎಂದು ಬೆರಳೆತ್ತಿ ತೋರಿಸಿದಳು.