ತಿರುವಿನಲ್ಲಿ ಒಡೆದ ಕಾಯಿ

ಸುಚಿತ್ರಾ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಆಯುಧಪೂಜೆಯ ದಿನ ಮಚ್ಚು, ಕತ್ತರಿ, ಈಳಿಗೆಮಣೆ, ಗಾಡಿ ಎಲ್ಲವನ್ನೂ ತೊಳೆದು ಪೂಜೆಗೆ ಇಡಬೇಕು. ಅವುಗಳ ಜೊತೆಗೆ, ಒಂದು ವರ್ಷದಿಂದ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಈ ನೀಲಿ ಹೆಲ್ಮೆಟ್ಟನ್ನೂ ಅವಳೇ ಕೆಳಗಿಳಿಸಿದ್ದಳು. ಇಳಿಸು ಎಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಧೂಳು ಹೋದ ಮೇಲೆ ಅದು ಅಂಗಡಿಯಿಂದ ಈಗ ತಂದ ಹಾಗೆ ಹೊಳೆಯಿತು. ಎಷ್ಟು ತಿರುಗಿಸಿ ನೋಡಿದರೂ ಒಂದು ಗೀರು ಇರಲಿಲ್ಲ. ಒಂದೇ ಒಂದು ಗೀರು ಇದ್ದಿದ್ದರೆ... ಆ ಪೆಟ್ಟು ಇದರ ಮೇಲೆಯೇ ಬಿದ್ದಿದ್ದರೆ... ಸುಚಿತ್ರಾ ತಲೆಯೆತ್ತಿದಳು. ಎದುರಿಗೆ ಕುರ್ಚಿಯಲ್ಲಿ ದಿಂಬು ಒರಗಿಸಿ ಕೂರಿಸಿದ್ದ ನಾದಿನಿ ಸಿಂಚನ, ತನ್ನದೇ ಹೆಲ್ಮೆಟ್ಟನ್ನು ಬೇರೆ ಯಾರದೋ ಸಾಮಾನಿನಂತೆ ನೋಡುತ್ತಿದ್ದಳು.

ಇಪ್ಪತ್ಮೂರು ವರ್ಷದ ಹುಡುಗಿ. ಬಲಗೈ ಎದೆಗೆ ಮಡಚಿಕೊಂಡು ಹಾಗೇ ಸೆಟೆದುಹೋಗಿತ್ತು. ಮಾತು ಹೋಗಿತ್ತು. ದಿನಾ ಬೆಳಿಗ್ಗೆ ಅವಳ ಮುಖ ತೊಳೆಸಿ, ತಲೆ ಬಾಚಿ, ಎದುರಿಗೆ ಕೂತು ಸುಚಿತ್ರಾ ಒಂದೊಂದೇ ಮಾತು ಹೇಳಿಕೊಡುತ್ತಿದ್ದಳು. ಒಂದು ವರ್ಷದಲ್ಲಿ ಬಂದದ್ದು ಎರಡೇ. ಒಂದು ‘ಅವ್ವ’, ಇನ್ನೊಂದು ‘ಬೇಡ’. ಈಗ ಹದಿನೈದು ದಿನದಿಂದ ಲೋಟ ತೋರಿಸಿ ‘ನೀರು’ ಎಂದು ಹೇಳಿಕೊಡುತ್ತಿದ್ದಳು. ಸಿಂಚನಳ ತುಟಿ ಅಲುಗುತ್ತಿತ್ತು, ಕಣ್ಣು ತುಂಬುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ.

ಹೋದ ವರ್ಷ ಇದೇ ದಿನ ಅವಳ ಮಾತು ನಿಲ್ಲಿಸುವವರೇ ಇರಲಿಲ್ಲ! ಹೆಬ್ಬಾಳದ ಕಾರ್ಖಾನೆಯಲ್ಲಿ ಮಿಷನ್ನುಗಳಿಗೆ ಪೂಜೆಯೆಂದು ಹಸಿರು ಸೀರೆ ಉಟ್ಟು, ಎರಡು ಮೊಳ ಮಲ್ಲಿಗೆ ಮುಡಿದು ಸ್ಕೂಟರ್ ಹತ್ತಿದ್ದಳು. ಸುಚಿತ್ರಾ ಹೆಲ್ಮೆಟ್ ಹಿಡಿದು ಗೇಟಿನವರೆಗೂ ಓಡಿ ಬಂದಿದ್ದಳು.

“ಇದ ಮಡಗ್ಕಂಡ್ರೆ ಹೂವೆಲ್ಲ ಚಟ್ನಿ ಆಯ್ತದೆ ಕಣತ್ತಿಗೆ! ಇವತ್ತೊಂದಿನ ಬುಡಿ,” ಎಂದು ನಕ್ಕು, ಅದನ್ನು ಸ್ಕೂಟರಿನ ಕೊಕ್ಕೆಗೆ ನೇತುಹಾಕಿಕೊಂಡು ಹೋಗಿದ್ದಳು.

ಸಂಜೆ ಮನೆಯ ಮುಂದೆ ಸುಚಿತ್ರಾಳ ಗಂಡ ಮಹೇಂದ್ರನ ಲಗೇಜ್ ಆಟೋಗೆ ಪೂಜೆಯಾಯಿತು. ಗಾಲಿಗಿಟ್ಟ ನಿಂಬೆಹಣ್ಣು ಪಚಕ್ಕೆಂದು ಒಡೆಯಿತು. ಮಾವ ಜವರಯ್ಯ ಬೂದಗುಂಬಳಕಾಯಿಯ ನೆತ್ತಿ ಕೊರೆದು, ಒಳಗೆ ಕುಂಕುಮ ಕಲಸಿ, ಮೇಲೆ ಕರ್ಪೂರ ಹಚ್ಚಿ ನಿವಾಳಿಸಿದರು. ಮೂರು ರಸ್ತೆ ಕೂಡುವ ತಿರುವಿಗೆ ನಡೆದು ಹೋಗಿ, ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಿದರು. ಕೆಂಪಾದ ತಿರುಳು ರಸ್ತೆಯ ಉದ್ದಗಲಕ್ಕೂ ಚೆಲ್ಲಿತು. ದಸರಾ ನೋಡಲು ಬಂದವರ ಕಾರುಗಳು ದೊಡ್ಡ ರಸ್ತೆಯಲ್ಲಿ ಜಾಗ ಸಾಲದೆ ಬೋಗಾದಿಯ ಒಳರಸ್ತೆಗಳಿಗೆ ನುಗ್ಗುತ್ತಿದ್ದವು. ಒಂದು ಕಾರು ತಿರುಳಿನ ಮೇಲೆ ಹಾದು, ಅದನ್ನು ಎಣ್ಣೆಯಂತೆ ಬಳಿದುಕೊಂಡು ಹೋಯಿತು. ಸುಚಿತ್ರಾ ಪೊರಕೆ ತಂದಳು. ಎರಡು ಸಲ ಗುಡಿಸಿದ್ದಳೋ ಇಲ್ಲವೋ...

“ಏಯ್! ಏನ್ ಮಾಡ್ತಿದ್ದೀಯೇ?” ಅತ್ತೆ ಶಿವನಂಜಮ್ಮ ಓಡಿ ಬಂದು ಪೊರಕೆ ಕಿತ್ತುಕೊಂಡರು.

“ಜಾರ್ತದೆ ಅತ್ತೆ. ಗಾಡಿಯೋರು ಬಿದ್ಬುಡ್ತಾರೆ. ಒಂದ್ ಕಡೀಕೆ ತಳ್ಬುಡ್ತೀನಿ...”

“ಮನೆ ದಿಷ್ಟಿ ತೆಗೆದು ಬೀದಿಗಾಕಿದ್ರೆ, ನೀನು ಪೊರಕೇಲಿ ಬಳ್ಕಂಡು ಒಳಕ್ಕೆ ತತ್ತೀಯಾ? ಒಡೆದ ಕಾಯ ಮನೆಯೋರು ಮುಟ್ಬಾರ್ದು ಅಂತ ನಿಮ್ಮವ್ವ ಕಲಿಸ್ಲಿಲ್ವಾ? ನಡಿ ಒಳಕ್ಕೆ!”

ಸುಚಿತ್ರಾ ಒಳಗೆ ಹೋದಳು. ಎದುರು ಮಾತಾಡಿ ಅಭ್ಯಾಸವಿರಲಿಲ್ಲ. ಅರ್ಧ ಗಂಟೆಯಾಗಿರಬಹುದು, ಒಲೆಯ ಮುಂದೆ ನಿಂತಿದ್ದಾಗ ತಿರುವಿನ ಕಡೆಯಿಂದ ಕಬ್ಬಿಣ ರಸ್ತೆಗೆ ಉಜ್ಜಿದ ಸದ್ದು ಕೇಳಿಸಿತು. ಆಮೇಲೆ ಒಂದು ಕೂಗು... ಓಡಿ ಹೋಗಿ ನೋಡಿದರೆ ಹಸಿರು ಸೀರೆ! ಸಿಂಚನಳ ತಲೆ ಚರಂಡಿಯ ಚಪ್ಪಡಿಗೆ ಬಡಿದಿತ್ತು. ಕುಂಕುಮ ಯಾವುದು, ರಕ್ತ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಮಲ್ಲಿಗೆ ಹೂವು ಎಲ್ಲ ಕಡೆ ಉದುರಿತ್ತು. ಕೊಕ್ಕೆಯಿಂದ ಕಳಚಿದ ಹೆಲ್ಮೆಟ್ ಉರುಳಿ ಬಂದು ಮನೆಯ ಗೇಟಿಗೆ ತಾಗಿ ನಿಂತಿತ್ತು.

ಆಸ್ಪತ್ರೆಯಲ್ಲಿ ನಲವತ್ತು ದಿನ. ಅಲ್ಲಿನ ಬೆಂಚಿನ ಮೇಲೆ ಕೂತು ಶಿವನಂಜಮ್ಮ ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳಿದರು. “ಸೊಸೆ ಪೊರಕೆ ಮುಟ್ಟಿಸ್ಬುಟ್ಲು. ಹೋಗ್ತಿದ್ದ ದಿಷ್ಟಿ ವಾಪಸ್ ತಿರಿಕ್ಕಂತು. ನನ್ ಮಗೀನ್ ಮೇಲೆ ಬಂತು...” ಹೇಳುತ್ತಾ ಹೇಳುತ್ತಾ ಅವರಿಗೇ ಅದು ನಿಜವಾಯಿತು. ಮಗಳಿಗೆ ತುತ್ತು ಮಾಡಿ ಇಡುವಾಗ ಆ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುವುದನ್ನು ಸುಚಿತ್ರಾ ಎಷ್ಟೋ ಸಲ ನೋಡಿದ್ದಳು. ಬಯ್ಯುವುದಕ್ಕೆ ಒಬ್ಬಳು ಇಲ್ಲದಿದ್ದರೆ ಅತ್ತೆಯ ಜೀವ ಉಳಿಯುತ್ತಿರಲಿಲ್ಲವೇನೋ ಎನಿಸುತ್ತಿತ್ತು. ಆದರೆ ಗಂಡನೂ ಒಂದು ದಿನ ‘ಇಲ್ಲ ಅವ್ವ, ಅವಳದು ತಪ್ಪಲ್ಲ’ ಎನ್ನಲಿಲ್ಲ. ಕಾಯಿ ಒಡೆದವನು ನಾನು ಎಂದು ಮಾವನೂ ಹೇಳಲಿಲ್ಲ. ಆ ತಿರುವು ಬೇಡವೆಂದು ಮಾವ ಹಿಂದಿನ ಓಣಿಯಿಂದ ಸುತ್ತಿಕೊಂಡು ಹಾಲಿಗೆ ಹೋಗುವುದನ್ನು ಮಾತ್ರ ಅವಳು ಕಂಡಿದ್ದಳು.

ಗೇಟಿನ ಹತ್ತಿರ ಸದ್ದಾಯಿತು. ಮಹೇಂದ್ರ ಒಂದು ಬೂದಗುಂಬಳಕಾಯಿಯನ್ನು ಎರಡು ಕೈಯಲ್ಲೂ ತಬ್ಬಿಕೊಂಡು ಬಂದ. ಎದುರುಮನೆಯ ಪಂಕಜಾ ತನ್ನ ಗೇಟಿನಿಂದಲೇ ಕೂಗಿದಳು, “ಶಿವನಂಜಕ್ಕ, ಈ ಸಲದ ಕಾಯಿ ನಿನ್ ಸೊಸೆಗಿಂತ ದಪ್ಪ ಐತಲ್ಲ! ಅವಳ್ಗೂ ವಸಿ ಊಟ ಹಾಕವ್ವ!”

“ದಪ್ಪನೇ ಬೇಕು ಕಣೇ. ಹೋದ ಸಲ ಒಳಕ್ ಬಂದದ್ದೂ ಸೇರಿ ಈ ಸಲ ಆಚೆಗ್ ಹೋಗ್ಬೇಕು,” ಎಂದರು ಶಿವನಂಜಮ್ಮ.

ಸುಚಿತ್ರಾಳ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು. ಈ ಸಲವೂ ಅಲ್ಲೇನಾ! ಹೊರಗೆ ರಸ್ತೆ ತುಂಬಾ ಗಾಡಿಗಳು. ಹೊಸ ಸೀರೆ, ಹೊಸ ಷರ್ಟು, ಮುಂದೊಂದು ಹಿಂದೊಂದು ಮಕ್ಕಳು. ಎಲ್ಲರಿಗೂ ಕತ್ತಲಾಗುವುದರೊಳಗೆ ದೀಪಾಲಂಕಾರದ ಕಡೆಗೆ ಹೋಗುವ ಅವಸರ. ಅವಳು ಎದ್ದು ಮಾವನ ಮುಂದೆ ನಿಂತಳು.

“ಮಾವ, ಈ ಸಲ ನಮ್ ಕಾಂಪೌಂಡ್ ಒಳಗೇ ಒಡೀರಿ. ನಿಮ್ಮ ಕಾಲಿಗ್ ಬೀಳ್ತೀನಿ.”

ಜವರಯ್ಯ ಸೊಸೆಯ ಮುಖ ನೋಡಲಿಲ್ಲ. ಕಾಯಿಯ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. “ನನ್ ಕೈಲಾಗಲ್ಲ ಕಣೋ ಮಹೇಂದ್ರ... ನೀನೇ ಒಡೆದ್ಬುಡು,” ಎಂದು ಹೇಳಿ ಜಗುಲಿಯ ಮೂಲೆಗೆ ಹೋಗಿ ಕುಕ್ಕರಿಸಿದರು.

“ರೀ, ನೀವಾದ್ರೂ ಯೋಚ್ನೆ ಮಾಡಿ. ಕೂತಿರೋ ನಿಮ್ ತಂಗಿ ಮುಖ ಒಂದ್ಸಲ ನೋಡಿ!”

“ಹಬ್ಬದ ದಿನ ರಗಳೆ ಬ್ಯಾಡ ಸುಚಿ. ಅವ್ವ ಹೇಳ್ದಂಗೆ ಆಗ್ಲಿ ಬುಡು. ಊರೆಲ್ಲ ಬೀದೀಲೇ ಒಡೀತದೆ.”

“ಊರೆಲ್ಲ ಒಡೆದ್ರೆ ಬೀಳೋರು ಊರೋರೇ ಅಲ್ವೇನ್ರೀ? ನಮ್ಮನೆ ಕಾಯಿ ಮೇಲೆ ನಮ್ ಹುಡುಗಿನೇ ಬಿದ್ಲಲ್ಲ!”

ನಮ್ಮನೆ ಕಾಯಿ... ಒಂದು ವರ್ಷದಿಂದ ಯಾರ ಬಾಯಲ್ಲೂ ಬಾರದ ಮಾತು ಅದು! ಶಿವನಂಜಮ್ಮನ ಮುಖ ಬಿಳಿಚಿಕೊಂಡಿತು. ಆಮೇಲೆ ಕೆಂಪಗಾಯಿತು.

“ಏನಂದೆ? ನನ್ ಮಗೀನ ನಾನೇ ಕೆಡವ್ದೆ ಅಂತೀಯಾ? ಹೆತ್ತೋಳು ಕಣೇ ನಾನು! ಮುಟ್ಟಬ್ಯಾಡ ಅಂದ್ರೂ ಮುಟ್ಟಿದೋಳು ನೀನು! ಇವತ್ತೇನಾದ್ರೂ ಪೊರಕೆ ಹಿಡ್ಕಂಡು ಆ ಕಾಯಿ ಹತ್ರ ಹೋದೆ ಅನ್ನು, ತಿರುಗಿ ಈ ಹೊಸಲು ತುಳೀಬ್ಯಾಡ. ನಿನ್ ತೌರಿಗೆ ಹೊಂಟೋಗು!”

“ಬೇ... ಬೇಡ...” ಕುರ್ಚಿಯಿಂದ ಸಿಂಚನ ಕೂಗಿದಳು. ಮೈಯೆಲ್ಲ ಅಲುಗುತ್ತಿತ್ತು, ಎಡಗೈ ಕಾಯಿಯ ಕಡೆಗೆ ಚಾಚಿತ್ತು. “ಅವ್ವ... ಬೇಡ... ಬೇಡ...”

ಶಿವನಂಜಮ್ಮ ಓಡಿ ಹೋಗಿ ಮಗಳ ತಲೆಯನ್ನು ಎದೆಗೆ ಅವುಚಿಕೊಂಡರು. “ನೋಡ್ದಾ ನಿನ್ ಬಾಯಿಗೆ ಮಗು ಎಂಗೆ ಎದ್ರಿಕಂಡ್ತು! ಸುಮ್ಕಿರವ್ವ, ಸುಮ್ಕಿರು ನನ್ನವ್ವ...” ಅವರ ಸೆರಗಿನೊಳಗೆ ಆ ಕೂಗು ಅಡಗಿಹೋಯಿತು.

ಮಹೇಂದ್ರ ಕಾಯಿ ಒಡೆದ. ಅದೇ ತಿರುವಿನಲ್ಲಿ, ಅದೇ ಸದ್ದು. ಹಿಂದಿರುಗಿ ಬಂದು ಕೈಕಾಲು ತೊಳೆದು ಒಳಗೆ ಹೋದ.

ಸುಚಿತ್ರಾ ಸ್ವಲ್ಪ ಹೊತ್ತು ಹೊಸಲಿನ ಮೇಲೆ ನಿಂತಿದ್ದಳು. ತೌರಿನಲ್ಲಿ ಅವಳಿಗೆ ತಂದೆತಾಯಿ ಇರಲಿಲ್ಲ. ಇದ್ದದ್ದು ಅಣ್ಣನ ಒಂದು ಕೋಣೆಯ ಬಾಡಿಗೆ ಮನೆ. ನಾಳೆ ಬೆಳಿಗ್ಗೆ ಸಿಂಚನಳ ತಲೆ ಬಾಚುವವರು ಯಾರು? ಲೋಟ ತೋರಿಸಿ ಆ ಮಾತು ಹೇಳಿಕೊಡುವವರು ಯಾರು? ಅಷ್ಟರಲ್ಲಿ ತಿರುವಿನಲ್ಲಿ ಒಂದು ಬೈಕಿನ ಹಿಂದಿನ ಚಕ್ರ ಸರ್ರನೆ ಪಕ್ಕಕ್ಕೆ ಹೋಯಿತು. ಸವಾರ ಕಾಲು ಊರಿ ಹೇಗೋ ಸಾವರಿಸಿಕೊಂಡ. ಹಿಂದೆ ಕೂತ ಹೆಂಗಸು ಕಿಟಾರನೆ ಕಿರುಚಿದಳು. ಅವಳ ಜಡೆಯ ತುಂಬಾ ಮಲ್ಲಿಗೆ ಇತ್ತು.

ಸುಚಿತ್ರಾ ಪೊರಕೆ, ಗೋಣಿಚೀಲ, ಒಂದು ಬಕೆಟ್ ನೀರು ತೆಗೆದುಕೊಂಡು ಗೇಟು ದಾಟಿದಳು.

ಹಿಂದಿನಿಂದ ಗೇಟಿಗೆ ಚಿಲಕ ಹಾಕಿದ ಸದ್ದು ಮಾತ್ರ ಬಂತು. ಅವಳು ಬಗ್ಗಿ ಹೋಳುಗಳನ್ನು ಕೈಯಿಂದಲೇ ಆರಿಸಿ ಚೀಲಕ್ಕೆ ತುಂಬಿದಳು. ತಿರುಳನ್ನು ಬಳಿದು ತೆಗೆದಳು. ಕಾರುಗಳು ಹಾರನ್ ಹೊಡೆದವು. ಒಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ, “ದಾರಿ ಬುಡಮ್ಮ, ಕಾರ್ಪೊರೇಷನ್ನೋರು ಗುಡಿಸ್ತಾರೆ!” ಎಂದ. ಅವಳು ತಲೆಯೆತ್ತಲಿಲ್ಲ. ಬಕೆಟ್ಟಿನಲ್ಲಿದ್ದ ನೀರನ್ನು ಸ್ವಲ್ಪವೂ ಉಳಿಸದೆ ರಸ್ತೆಗೆ ಸುರಿದು, ಟಾರು ಕಪ್ಪಗೆ ಕಾಣುವವರೆಗೂ ಉಜ್ಜಿದಳು. ಗಂಡ, ಹೆಂಡತಿ, ನಡುವೆ ನಿದ್ದೆಹೋದ ಒಂದು ಮಗು ಕೂತಿದ್ದ ಸ್ಕೂಟರ್ ಆ ತಿರುವನ್ನು ಸಲೀಸಾಗಿ ದಾಟಿ ಹೋಯಿತು. ಅವರು ಇವಳ ಕಡೆ ನೋಡಲೂ ಇಲ್ಲ.

ಗೇಟಿನ ಮುಂದೆ ಬಂದು ನಿಂತಾಗ ಬೀದಿದೀಪ ಹತ್ತಿಕೊಂಡಿತ್ತು. ಅವಳ ಎರಡು ಕೈಯೂ ಮೊಣಕೈವರೆಗೆ ಕೆಂಪಗಿದ್ದವು. ಎದುರುಮನೆಯ ಪಂಕಜಾ ಇವಳನ್ನು ನೋಡಿ ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಜಗುಲಿಯ ಮೂಲೆಯಲ್ಲಿ ಮಾವ ಮೊಣಕಾಲಿನ ನಡುವೆ ತಲೆ ಇಟ್ಟು ಕೂತಿದ್ದರು. ಕಿಟಕಿಯೊಳಗೆ ಗಂಡನ ಬೆನ್ನು ಕಾಣುತ್ತಿತ್ತು. ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಇಟ್ಟ ಸಾಮಾನುಗಳ ನಡುವೆ ನೀಲಿ ಹೆಲ್ಮೆಟ್ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಸಿಂಚನ ಇವಳನ್ನೇ ನೋಡುತ್ತಿದ್ದಳು. ಅವಳ ತುಟಿ ಅಲುಗಿತು, ಮತ್ತೆ ಅಲುಗಿತು...

ಸುಚಿತ್ರಾ ಗೇಟನ್ನು ಮುಟ್ಟದೆ, ಕೈಗಳನ್ನು ಮುಂದೆ ಹಿಡಿದುಕೊಂಡು ಮೆಲ್ಲಗೆ ಹೇಳಿದಳು:

“ಕೈ ತೊಳ್ಕೊಳ್ಳೋಕೆ... ಯಾರಾದ್ರೂ ಒಂದ್ ಚೊಂಬು ನೀರು ಕೊಡಿ.”