ಗೂಡುಕೋಣದ ಕೆಂಪು ಚುಕ್ಕೆ

“ಇದನ್ನ ಎಲ್ಲಿ ಹೊಡೆದ್ರೆ ಸಾಯುತ್ತೆ?”

ಬಿಂದುಶ್ರೀಯೊಡನೆ ಅವನು ಆಡಿದ ಮೊಟ್ಟಮೊದಲ ಮಾತು ಇದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಕನ್ನಡದಲ್ಲಿ ಕೇಳಿದ್ದ ಎನ್ನುವುದೊಂದೇ ಸಮಾಧಾನ!

ವಿಶಾಖಪಟ್ಟಣದ ರುಷಿಕೊಂಡದ ಬಳಿಯ ಆ ಪುಟ್ಟ ಗೇಮ್ ಸ್ಟುಡಿಯೋದಲ್ಲಿ ಅವಳಿಗೆ ಅದು ಮೊದಲ ದಿನ. ಗೋಡೆಯ ದೊಡ್ಡ ಪರದೆಯ ಮೇಲೆ, ಕೆಲಸ ಕೇಳುವಾಗ ಅವಳು ಬರೆದು ಕಳಿಸಿದ್ದ ಮೃಗ ನಿಂತಿತ್ತು. ಉಪ್ಪುಗೂಳಿ! ಕಡಲಂಚಿನಲ್ಲಿ ಒಂಟಿಯಾಗಿ ಅಲೆಯುವ ಗೂಳಿ. ಮೈತುಂಬ ಉಪ್ಪು ಗಟ್ಟಿಕೊಂಡಿದೆ. ಬಾಯಾರಿದಾಗ ತನ್ನ ಹೆಗಲನ್ನೇ ನೆಕ್ಕುತ್ತದೆ, ನೆಕ್ಕಿದಷ್ಟೂ ಬಾಯಾರಿಕೆ ಹೆಚ್ಚುತ್ತದೆ.

“ಅದು ಯಾಕ್ ಸಾಯಬೇಕ್ರೀ?” ಗದಗಿನ ಹುಡುಗಿಯ ದನಿ ಏರಿತು.

“ಆಟ ಆಡೋರು ಹೊಡೀಬೇಕಲ್ಲ ಅಂಡಿ. ಪ್ರತಿ ಮೃಗಕ್ಕೂ ಒಂದು ಮರ್ಮ ಇರಬೇಕು, ಅಲ್ಲಿ ಕೆಂಪು ಚುಕ್ಕೆ ಇಡಬೇಕು. ಚುಕ್ಕೆ ಇಲ್ದೆ ಇರೋ ಮೃಗ ನಮ್ಮ ಏಳ್ಕೆರೆ ಸೀಮೆಗೆ ಬರೋ ಹಾಗಿಲ್ಲ. ಇಲ್ಲಿನ ರೂಲ್ ಅದು.” ಅವನ ಕನ್ನಡದಲ್ಲಿ ತೆಲುಗಿನ ‘ಅಂಡಿ’, ‘ಗಾರು’ಗಳ ಮರ್ಯಾದೆ ಬೆರೆತಿತ್ತು.

ಏಳ್ಕೆರೆ ಸೀಮೆ ಎಂದರೆ ಅವರು ಕಟ್ಟುತ್ತಿದ್ದ ಆಟದ ಲೋಕ. ಮೃಗಗಳನ್ನು ಹುಟ್ಟಿಸುವುದು ಬಿಂದುಶ್ರೀಯ ಕೆಲಸ. ಅವು ಹೇಗೆ ಸಾಯಬೇಕೆಂದು ತೀರ್ಮಾನಿಸುವುದು ಅವನದು. ಹೆಸರು ಭರತೇಶ.

ಅವಳು ಬಾಯಿ ತೆರೆದು ಇನ್ನೇನೋ ಹೇಳಬೇಕು, ಅಷ್ಟರಲ್ಲಿ ಅವನು ಕಿಟಕಿಯ ಕಡೆ ನೋಡಿದ. ಸಂಜೆಯ ಬಿಸಿಲು ಇಳಿಯುತ್ತಿತ್ತು. ಥಟ್ಟನೆ ಎದ್ದು ಹೊರಟೇ ಹೋದ!

‘ಎಷ್ಟು ಸೊಕ್ಕು! ನನ್ನ ಮಾತು ಮುಗಿಯೂತನಕ ನಿಂದ್ರಾಕೂ ಆಗಲಿಲ್ಲೇನು ಇವಂಗ?’

ಅವಳ ಮುಖ ಕೆಂಪಾದದ್ದನ್ನು ಕಂಡು, ಪಕ್ಕದಲ್ಲಿ ಕೂತು ಆಟಕ್ಕೆ ಸದ್ದುಗಳನ್ನು ಮಾಡುವ ಫಣಿ ನಗುತ್ತಾ ತೆಲುಗಿನಲ್ಲಿ ಹೇಳಿದ. “ಕೋಪ ಬೇಡಮ್ಮಾ. ಅವನು ಜೈನರ ಹುಡುಗ. ಸೂರ್ಯ ಮುಳುಗೋದರೊಳಗೆ ಊಟ ಮುಗಿಸಬೇಕು, ಅದಕ್ಕೆ ಓಡಿದ!”

ಬಿಂದುಶ್ರೀಗೆ ನಗು ತಡೆಯಲಾಗಲಿಲ್ಲ. ಇರುವೆ ತುಳಿದರೂ ನೊಂದುಕೊಳ್ಳುವ ಮನೆಯ ಹುಡುಗ ದಿನವಿಡೀ ಕೂತು ಮೃಗಗಳ ಸಾವನ್ನು ಯೋಚಿಸುತ್ತಾನೆ!

ಇಲ್ಲಿಂದ ಮುಂದೆ ಏನಾಯಿತು ಎಂದು ಓದುಗರು ಆಗಲೇ ಊಹಿಸಿರುತ್ತೀರಿ. ಊಹೆ ಸರಿ. ಆದರೆ ಅದು ಅಷ್ಟು ಸಲೀಸಾಗಿ ಆಗಲಿಲ್ಲ.

ಚುಕ್ಕೆ ಇಡುವ ಮೊದಲು ಭರತೇಶ ಪ್ರತಿ ಮೃಗದ ಬಗ್ಗೆಯೂ ಕೇಳಲು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಇದು ಏನು ತಿನ್ನುತ್ತೆ? ಎಲ್ಲಿ ಮಲಗುತ್ತೆ? ಯಾವುದಕ್ಕೆ ಹೆದರುತ್ತೆ? ಇವಿಷ್ಟು ತಿಳಿಯದೆ ಅವನು ಕೆಂಪು ಬಣ್ಣ ಮುಟ್ಟುತ್ತಲೇ ಇರಲಿಲ್ಲ.

ಮೈಮೇಲೆ ಉಣ್ಣೆ ಬೆಳೆಯುವ ಕಂಬಳಿಮೊಸಳೆಗೆ ಚಳಿ ಎಂದರೆ ಭಯ. ಬೆನ್ನ ಮೇಲೆ ಮುಖವಿರುವ ಹಿಮ್ಮೊಗಕ್ಕೆ ತಾನು ಬಿಟ್ಟುಬಂದ ದಾರಿ ಮಾತ್ರ ಕಾಣುತ್ತದೆ, ಹೋಗುವ ದಾರಿ ಕಾಣುವುದೇ ಇಲ್ಲ. ಅವಳು ಹೇಳುತ್ತಾ ಹೋಗುತ್ತಿದ್ದಳು, ಅವನು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ.

ಪುಣೆ, ಹೈದರಾಬಾದ್, ಚೆನ್ನೈ... ಎಷ್ಟು ಕಡೆ ಕೆಲಸ ಮಾಡಿದ್ದಳು! ಚಿತ್ರ ಚೆನ್ನಾಗಿದೆ ಎಂದವರಿದ್ದರು. ಅದರೊಳಗಿನ ಜೀವಕ್ಕೆ ಹಸಿವಾಗುತ್ತದೆಯೇ ಎಂದು ಕೇಳಿದವನು ಇವನೊಬ್ಬನೇ.

ಕಾಲಿಗೆ ಚಕ್ರ ಕಟ್ಟಿಕೊಂಡ ಹುಡುಗಿ ಅವಳು. ಯಾವ ಊರಿನಲ್ಲೂ ಸೂಟ್‌ಕೇಸನ್ನು ಪೂರ್ತಿ ಖಾಲಿ ಮಾಡಿದವಳಲ್ಲ. ಕೂತಲ್ಲಿ ಒಂದು ಕಾಲು ಅಲುಗುತ್ತಲೇ ಇರುತ್ತಿತ್ತು. ಯಾರಾದರೂ ಹತ್ತಿರವಾಗುತ್ತಿದ್ದಾರೆ ಅನ್ನಿಸಿದ ಕೂಡಲೇ ಬೇರೆ ಊರಿನ ಕೆಲಸ ಹುಡುಕುತ್ತಿದ್ದಳು. “ಒಂದ್ ಕಡಿ ಕುಂದ್ರವಾ ತಾಯಿ!” ಎಂದು ಗದಗಿನಿಂದ ಅವ್ವ ಫೋನಿನಲ್ಲಿ ಬೈಯುವುದು ನಿಲ್ಲುತ್ತಲೇ ಇರಲಿಲ್ಲ.

ಒಂದು ಸಂಜೆ ಇಬ್ಬರೂ ಬೀಚಿನಲ್ಲಿ ಮಂಡಕ್ಕಿಯ ಮುರಿ ಮಿಕ್ಸ್ಚರ್ ತಿನ್ನುತ್ತಿದ್ದರು. ಅವನದರಲ್ಲಿ ಈರುಳ್ಳಿ ಇಲ್ಲ. ಅವಳು ಬೇಕೆಂದೇ ತನ್ನದಕ್ಕೆ ಎರಡು ಪಾಲು ಹಾಕಿಸಿಕೊಂಡಿದ್ದಳು! ಮಾತಿನ ನಡುವೆ ಮೊಬೈಲ್ ತೆಗೆದು ಹೊಸ ಚಿತ್ರ ತೋರಿಸಿದಳು.

ದೊಡ್ಡದೊಂದು ಕೋಣ. ಕೊಂಬುಗಳ ನಡುವೆ ಹಕ್ಕಿಗೂಡು, ಗೂಡಿನಲ್ಲಿ ನೀಲಿ ಮೊಟ್ಟೆಗಳು.

“ಗೂಡುಕೋಣ,” ಎಂದಳು.

“ಏನು ತಿನ್ನುತ್ತೆ?”

“ಹಾದ್ಯಾಗ ಏನ್ ಸಿಗತೈತಿ ಅದನ್ನ.”

“ಎಲ್ಲಿ ಮಲಗುತ್ತೆ?”

“ಮಲಗೂದಿಲ್ರೀ. ನಡದ್ರಷ್ಟ ಅದರ ಮೈ ಬಿಸಿ ಇರತೈತಿ. ನಿಂತ್ರ ಮೈ ತಣ್ಣಗಾಗಿ ತತ್ತಿ ಸತ್ತು ಹೋಗ್ತಾವ.”

“ಯಾವುದಕ್ಕೆ ಹೆದರುತ್ತೆ?”

ಅವಳು ಅಲೆಗಳ ಕಡೆ ತಿರುಗಿದಳು. “ನಿಂದ್ರೂದಕ್ಕ...”

ಭರತೇಶ ಚಿತ್ರವನ್ನು ಬಿಟ್ಟು ಅವಳನ್ನು ನೋಡಿದ. ಎಷ್ಟೋ ಹೊತ್ತು ನೋಡಿದ.

“ಬಿಂದುಶ್ರೀ ಗಾರು... ಇದಕ್ಕೆ ನಾನು ಚುಕ್ಕೆ ಇಡಲ್ಲ. ಮಾತು ಕೊಡ್ತೀನಿ.”

ಅವತ್ತು ರೂಮಿಗೆ ಬಂದವಳೇ ಸೂಟ್‌ಕೇಸಿನಲ್ಲಿದ್ದ ಬಟ್ಟೆಗಳನ್ನೆಲ್ಲ ಕಪಾಟಿನಲ್ಲಿ ಜೋಡಿಸಿದಳು. ಅವಳಿಗೇ ಆಶ್ಚರ್ಯ! ಪ್ರೀತಿ ಎಂಬ ಪದವನ್ನು ಮನಸ್ಸು ಇನ್ನೂ ಉಚ್ಚರಿಸಿರಲಿಲ್ಲ, ಕೈಗಳಿಗೆ ಮಾತ್ರ ಗೊತ್ತಾಗಿಬಿಟ್ಟಿತ್ತು.

ಆದರೆ ಆ ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ.

ಭಾದ್ರಪದದ ಒಂದು ಬೆಳಿಗ್ಗೆ ಅವಳು ಕಂಪ್ಯೂಟರಿನಲ್ಲಿ ಏಳ್ಕೆರೆ ಸೀಮೆಯನ್ನು ತೆರೆದಳು. ಮೂರನೆಯ ಕೆರೆಯ ದಂಡೆಯ ಮೇಲೆ ಗೂಡುಕೋಣ ನಡೆದುಬರುತ್ತಿತ್ತು. ಅದರ ಕೊಂಬುಗಳ ನಡುವೆ, ಸರಿಯಾಗಿ ಗೂಡಿನ ಮೇಲೆಯೇ... ಕೆಂಪು ಚುಕ್ಕೆ!

ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

“ಫಣಿ, ಇದನ್ನ ಯಾರು ಇಟ್ಟದ್ದು?”

“ಭರತೇಶನೇ. ನಿನ್ನೆ ಇಟ್ಟು, ಹಬ್ಬ ಅಂತ ವಿಜಯವಾಡಕ್ಕೆ ಹೊರಟುಹೋದ,” ಎಂದ ಫಣಿ ಅವಳ ಕಣ್ಣು ತಪ್ಪಿಸುತ್ತಾ.

ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಮತ್ತೆ, ಮತ್ತೆ... ಆಫ್!

‘ಮಾತು ಕೊಟ್ಟಿದ್ದ. ನನ್ನ ಕಣ್ಣಾಗ ಕಣ್ಣಿಟ್ಟು ಮಾತು ಕೊಟ್ಟಿದ್ದ! ಈಗ ಫೋನ್ ತಗಿಯಾಕೂ ಮುಖ ಇಲ್ಲ...’

ಸ್ಟುಡಿಯೋ ನಡೆಸುವ ಭ್ರಮರಾಂಬ ಮೇಡಮ್ ಅದೇ ದಿನ ಅವಳನ್ನು ಕರೆದು, ಕಾಂಟ್ರ್ಯಾಕ್ಟ್ ಮುಂದುವರಿಸೋಣ, ಇಲ್ಲೇ ಇರು ಎಂದರು. ಬೇಡ ಎಂದಳು. ದಿನವಿಡೀ ಅವಳಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕಪಾಟಿನ ಬಟ್ಟೆಗಳು ಮತ್ತೆ ಸೂಟ್‌ಕೇಸ್ ಸೇರಿದವು. ಮರುದಿನ ಬೆಳಗಿನ ರೈಲಿಗೆ ವಿಜಯವಾಡ, ಅಲ್ಲಿಂದ ಸಂಜೆಯ ಹುಬ್ಬಳ್ಳಿ ರೈಲಿಗೆ ಗದಗ.

ನಡುವೆ ಸ್ವಲ್ಪ ಸಮಯವಿತ್ತು. ಫಣಿಯಿಂದ ಭರತೇಶನ ಮನೆಯ ವಿಳಾಸ ಪಡೆದಿದ್ದಳು. ಯಾಕೆ ಹೀಗೆ ಮಾಡಿದೆ ಎಂದು ಮುಖದ ಮೇಲೆ ಕೇಳಿಬಿಡಬೇಕು, ಅಷ್ಟೇ. ಕೇಳಿ ಹೊರಟುಬಿಡಬೇಕು!

ವಿಜಯವಾಡದ ಸೆಕೆಯಲ್ಲಿ ಆಟೋ ಇಂದ್ರಕೀಲಾದ್ರಿಯ ಬುಡದಲ್ಲಿ ದುರ್ಗಮ್ಮನ ಭಕ್ತರ ನಡುವೆ ನುಸುಳಿ, ಕೃಷ್ಣೆಯ ದಡ ಹಿಡಿದು ಭವಾನಿಪುರಂ ತಲುಪಿತು. ಆಟೋದವನಿಗೆ ಅಲ್ಲೇ ಕಾಯಲು ಹೇಳಿ ಬಾಗಿಲು ತಟ್ಟಿದಳು.

ಬಾಗಿಲು ತೆರೆದವರು ಅವನ ತಾಯಿ ಪದ್ಮಾ. ಹಾಸನದ ಕಡೆಯವರು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಬಂದವರು ಇಲ್ಲೇ ನೆಲೆ ನಿಂತಿದ್ದರು. ಅವರ ಹಿಂದೆ, ಹಜಾರದಲ್ಲಿ ಬಿಳಿ ಪಂಚೆ ಉಟ್ಟ ಭರತೇಶ.

ಅವಳನ್ನು ಕಂಡವನೇ ಎದ್ದು ನಿಂತ.

“ಯಾಕ್ರೀ ಹಿಂಗ ಮಾಡಿದ್ರಿ?” ಹೊಸ್ತಿಲಲ್ಲೇ ಅವಳ ದನಿ ಒಡೆಯಿತು. “ಹೊಡದ್ರ ಗೂಡಿಗೇ ಹೊಡೀಬೇಕಿತ್ತೇನು? ನೀವು ಚುಕ್ಕಿ ಇಡೂದಿಲ್ಲ ಅಂದಿದ್ರಿ! ನಾ ನಂಬಿದ್ದೆ... ಯಾರನ್ನೂ ನಂಬದಾಕಿ ನಿಮ್ಮನ್ನ ನಂಬಿದ್ದೆ!”

ಅವನು ಮಾತಾಡಲಿಲ್ಲ. ಕಣ್ಣುಗಳು ತುಂಬಿಕೊಂಡವು, ತುಟಿ ಮಾತ್ರ ಬಿಗಿದೇ ಇತ್ತು.

“ಏನರ ಹೇಳ್ರೀ! ಬಾಯಿಲ್ಲೇನು ನಿಮಗ?”

“ಅವನು ಇವತ್ತು ಮಾತಾಡಲ್ಲಮ್ಮ,” ಪದ್ಮಾ ಮೆಲ್ಲಗೆ ಹೇಳಿದರು. “ನಮ್ಮ ದಶಲಕ್ಷಣ ಪರ್ವದ ಕೊನೇ ದಿನ. ಪ್ರತಿ ವರ್ಷ ಕೊನೆಗೆ ಎರಡು ದಿನ ಮೌನ ಹಿಡೀತಾನೆ, ಫೋನೂ ಆರಿಸಿಡ್ತಾನೆ. ಸಂಜೆ ಪೂಜೆ ಆದ್ಮೇಲೆ ಮೌನ ಬಿಡೋದು.”

ಸಂಜೆ! ಪೂಜೆ ಮುಗಿಯುವಷ್ಟರಲ್ಲಿ ಅವಳ ರೈಲು ಹೊರಟುಹೋಗಿರುತ್ತದೆ.

ಹೊರಗೆ ಆಟೋ ಹಾರ್ನ್ ಹೊಡೆಯಿತು. ಭರತೇಶನ ನೋಟ ಆಟೋದಲ್ಲಿದ್ದ ಅವಳ ಸೂಟ್‌ಕೇಸಿನ ಮೇಲೆ ಬಿತ್ತು. ಎಲ್ಲವೂ ಅರ್ಥವಾಯಿತು ಅವನಿಗೆ. ಮುಖ ಬಿಳಿಚಿಕೊಂಡಿತು. ಒಂದು ಹೆಜ್ಜೆ ಮುಂದೆ ಬಂದ, ತಾಯಿಯ ಕಡೆ ನೋಡಿದ, ಬಾಯಿ ತೆರೆದ...

ಪದ್ಮಾ ತಲೆ ತಗ್ಗಿಸಿ ಅಡುಗೆಮನೆಯ ಕಡೆ ತಿರುಗಿದರು. ಮಗನ ವ್ರತ ಮುರಿಯುವುದನ್ನು ನೋಡಲಾರರು, ತಡೆಯಲೂ ಆರರು.

“ಬ್ಯಾಡ್ರೀ!” ಬಿಂದುಶ್ರೀ ಕೈ ಎತ್ತಿದಳು. ಎತ್ತಿದ್ದು ಅವಳಿಗೂ ತಿಳಿಯಲಿಲ್ಲ. “ಬ್ಯಾಡ... ನನ್ನ ಸಲುವಾಗಿ ಮುರೀಬ್ಯಾಡ್ರಿ.”

ಮತ್ತೆ ಹಾರ್ನ್.

‘ಹೋಗು ಬಿಂದು. ಕೇಳೂದು ಕೇಳಿದಿ, ಮುಗೀತು. ಹೊತ್ತು ಮೀರತೈತಿ...’

ಆದರೆ ಅವಳಿಗೆ ಒಮ್ಮೆಲೇ ಹೊಳೆಯಿತು. ಪುಣೆಯಲ್ಲಿ ಹೀಗೇ ಎದ್ದು ಬಂದಿದ್ದಳು, ಹೈದರಾಬಾದಿನಲ್ಲೂ ಹೀಗೇ. ಎಲ್ಲ ಕಡೆ ಪ್ರಶ್ನೆ ಎಸೆದು, ಉತ್ತರ ಬರುವ ಮೊದಲೇ ಬೆನ್ನು ತಿರುಗಿಸಿದವಳು ಅವಳೇ. ಈ ಬಾರಿ ಹಾಗೆ ಹೋದರೆ ಆ ಉತ್ತರವಿಲ್ಲದ ಖಾಲಿ ಜಾಗವನ್ನು ಜೀವಮಾನವಿಡೀ ಹೊತ್ತು ತಿರುಗಬೇಕು.

ಗೇಟಿಗೆ ಹೋಗಿ ಆಟೋದವನಿಗೆ ಹಣ ಕೊಟ್ಟಳು. “ಮೀರು ವೆಳ್ಳಿಪೋಂಡಿ,” ಎಂದಳು ತನಗೆ ಬಂದಷ್ಟು ತೆಲುಗಿನಲ್ಲಿ. ಆಟೋ ಹೊರಟಿತು. ಸೂಟ್‌ಕೇಸ್ ಹಿಡಿದು ಒಳಗೆ ಬಂದವಳು ಹಜಾರದ ನೆಲದ ಮೇಲೆ ಕೂತುಬಿಟ್ಟಳು.

“ನಾ ಕಾಯ್ತೀನಿ.”

ಕಾಯುವುದು ಅವಳಿಗೆ ಎಷ್ಟು ಕಷ್ಟ ಎನ್ನುವುದು ಆ ಮನೆಯ ಗೋಡೆಗಳಿಗೂ ಗೊತ್ತಾಯಿತು! ಎದ್ದಳು, ಕಿಟಕಿಯ ಬಳಿ ನಿಂತಳು, ಮತ್ತೆ ಕೂತಳು, ಗಡಿಯಾರ ನೋಡಿದಳು. ನೋಡಲಾಗದೆ ಪದ್ಮಾ ಅವಳ ಮುಂದೆ ಅಕ್ಕಿಯ ಮೊರ ಇಟ್ಟರು. ಕಲ್ಲು ಆರಿಸುತ್ತಾ ಕೂತಳು. ಭರತೇಶ ದೂರದ ಮೂಲೆಯಲ್ಲಿ ಜಪಮಾಲೆ ಹಿಡಿದು ಕೂತಿದ್ದ. ಮಣಿಗಳು ಒಂದೇ ಕಡೆ ನಿಂತಿದ್ದವು.

ಬಿಸಿಲು ಇಳಿಯುವ ಮೊದಲೇ ಪದ್ಮಾ ಅವಳಿಗೆ ಅನ್ನ, ತೊವ್ವೆ ಬಡಿಸಿದರು. ತಾವು ಉಪವಾಸ.

“ನಿನ್ನ ಮೃಗಗಳನ್ನೆಲ್ಲಾ ನನಗೂ ಹೇಳ್ತಾನಮ್ಮ ಇವನು,” ಎಂದರು. “ಆ ಉಪ್ಪುಗೂಳಿ ಕತೆ ಕೇಳಿ ನಾನು ಅವತ್ತು ಊಟಾನೇ ಮಾಡ್ಲಿಲ್ಲ. ಒಂದು ಬೋಗುಣಿ ನೀರು ಇಟ್ರೆ ಆಗಲ್ವಾ ಅದಕ್ಕೆ, ಅಂತ ಕೇಳ್ದೆ.”

ಬಿಂದುಶ್ರೀಯ ತಟ್ಟೆಯ ಮೇಲೆ ಕಣ್ಣೀರು ಬಿತ್ತು.

ರೈಲಿನ ಹೊತ್ತು ಮೀರಿತು. ಸದಾ ಅಲುಗುವ ಅವಳ ಕಾಲು ಯಾವಾಗಲೋ ನಿಂತಿತ್ತು.

ಪೂಜೆ ಮುಗಿಯಿತು. ಮೌನ ಮುರಿಯುವಾಗ ಮೊದಲ ಮಾತು ಕ್ಷಮೆ ಕೇಳುವ ಮಾತೇ ಆಗಿರಬೇಕು, ಅದನ್ನು ಮೊದಲು ಹಿರಿಯರಲ್ಲಿ ಕೇಳಬೇಕು. ಆ ಮನೆಯ ಪದ್ಧತಿ ಅದು. ಭರತೇಶ ತಾಯಿಯ ಮುಂದೆ ಬಗ್ಗಿದ.

ಪದ್ಮಾ ಪಕ್ಕಕ್ಕೆ ಸರಿದರು. “ನನ್ನನ್ನ ಆಮೇಲೆ ಕೇಳು. ಆ ಮಗು ಮಧ್ಯಾಹ್ನದಿಂದ ಕಾದಿದೆ.”

ಅವನು ಬಂದು ಅವಳೆದುರು ಮಂಡಿಯೂರಿ ಕೂತ. ಎರಡು ದಿನ ಮುಚ್ಚಿದ್ದ ದನಿ ಒರಟಾಗಿತ್ತು.

“ಬಿಂದು... ಕ್ಷಮಿಸಿ. ಚುಕ್ಕೆ ಇಟ್ಟಿದ್ದು ನಾನೇ.”

“ಯಾಕ?”

“ಚುಕ್ಕೆ ಇಡದಿದ್ರೆ ಗೂಡುಕೋಣನ ಅಳಿಸಿಬಿಡು ಅಂದ್ರು ಮೇಡಮ್. ಅಳಿಸೋಕೆ ಕೈ ಬರ್ಲಿಲ್ಲ.”

“ನನ್ನ ಒಂದ್ ಮಾತು ಕೇಳಬೇಕಿತ್ತಲ್ಲ?”

“ಕೇಳಿದ್ರೆ ನೀವು ಅಳಿಸಿ ಅಂತಿದ್ರಿ. ಅಳಿಸಿ, ಸೂಟ್‌ಕೇಸ್ ಹಿಡ್ಕೊಂಡು ಹೊರಟುಬಿಡ್ತಿದ್ರಿ.” ಅವನ ಕಣ್ಣು ಹರಿಯುತ್ತಿತ್ತು. “ಆ ಕೋಣ ಇದ್ರೆ ನೀವೂ ಇರ್ತೀರಿ ಅಂದ್ಕೊಂಡೆ ಅಂಡಿ. ಭಯ ಆಯ್ತು ನನಗೆ. ನಿಮ್ಮ ಮುಖ ನೋಡೋಕೆ ಆಗ್ದೆ ಇಲ್ಲಿಗೆ ಓಡಿಬಂದು ಮೌನದ ಹಿಂದೆ ಬಚ್ಚಿಟ್ಕೊಂಡೆ. ಈ ಸಲ ವ್ರತ ಅಲ್ಲ ಅದು, ಹೇಡಿತನ. ಅದಕ್ಕೂ ಕ್ಷಮಿಸಿ.”

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

“ನಾಳೆ ಸ್ಟುಡಿಯೋಕ್ಕ ಹೋಗಿ ಆ ಕೋಣನ ಅಳಿಸ್ತೀನಿ,” ಎಂದಳು. “ನಾನ ಹುಟ್ಟಿಸಿದ್ದು, ನಾನ ತಗೀತೀನಿ. ಯಾರ್ಯಾರೋ ಬಂದು ಗೂಡಿಗೆ ಹೊಡಿಯಾಕ ನಾ ಬಿಡೂದಿಲ್ಲ.”

ಭರತೇಶ ತಲೆ ತಗ್ಗಿಸಿದ. “ಸರಿ... ಆಮೇಲೆ ಯಾವ ಊರಿಗೆ ಹೋಗ್ತೀರಿ?”

“ಎಂಥಾ ಹುಚ್ಚರೀ ನೀವು!” ಅಳುವೂ ನಗುವೂ ಒಟ್ಟಿಗೇ ಬಂದವು ಅವಳಿಗೆ. “ಕೋಣ ಇದ್ರ ನಾ ಇರ್ತೀನಿ ಅಂತ ಯಾರು ಹೇಳಿದ್ರು ನಿಮಗ? ನಾ ನಿಂತದ್ದು ಕೋಣದ ಸಲುವಾಗಿ ಅಲ್ರೀ. ನಿಮ್ಮ ಸಲುವಾಗಿ!”

ಅವನು ತಲೆಯೆತ್ತಿದ. ಕೇಳಿದ್ದನ್ನು ನಂಬಲಾಗದವನಂತೆ, ಮೆಲ್ಲಗೆ ಅವಳ ಕೈ ಹಿಡಿದ.

“ನಿಜವಾಗ್ಲೂ ಇರ್ತೀರಾ?”

“ಇರ್ತೀನಿ. ಆದ್ರ ಇನ್ ಮ್ಯಾಲೆ ನನ್ನ ಮುಂದ ಮೌನ ಹಿಡಿದ್ರ ನೋಡ್ರಿ ಮತ್ತ!”