ಕಡಗ ಆರಿದ ಗಳಿಗೆ

"ಆ ಹುಡುಗಿ ಕೈ ಬಿಡು!"

ಓಣಿಯಲ್ಲಿದ್ದವರೆಲ್ಲ ಬೆಚ್ಚಿ ತಿರುಗಿದರು.

ಬೆಟಗೇರಿಯ ನೇಕಾರ ಓಣಿಯ ಬೇವಿನ ಮರದಡಿ, ಕಲಾಯಿಗಾರನ ಮುಂದೆ ಮಾಳವ್ವ ನಿಂತಿದ್ದಳು. ಅವಳ ಕೈಯಲ್ಲಿದ್ದದ್ದು ಅವನದೇ ಇಕ್ಕಳ. ಬೆಂಕಿಯಿಂದ ಆಗಷ್ಟೇ ಸೆಳೆದದ್ದು... ತುದಿ ನಿಗಿನಿಗಿ ಕೆಂಪಗಿತ್ತು. ಆ ತುದಿಗೂ ಅವನ ಕೊರಳಿಗೂ ನಡುವೆ ಒಂದು ಉಸಿರಿನಷ್ಟೇ ಅಂತರ!

ತಂಬಿಗೆ ಕೊಡಲು ಬಂದಿದ್ದ ಅವಳ ಮಗಳು ಕಳಕವ್ವನ ತೋಳನ್ನು ಅವನು ಹಿಡಿದಿದ್ದ. ತೋಳಿಗೆ ಸುತ್ತಿದ್ದ ನೂಲು ಅರ್ಧ ಬಿಚ್ಚಿತ್ತು. ಒಳಗಿನಿಂದ ನೀಲಿ ಬೆಳಕು ಇಣುಕುತ್ತಿತ್ತು.

ಅವನು ಕೈ ಬಿಟ್ಟ. ನಿಧಾನವಾಗಿ ತಲೆಯೆತ್ತಿದ.

ಮಾಳವ್ವ ಆ ಮುಖವನ್ನು ನೋಡಿದಳು.

ಮಸಿ ಮೆತ್ತಿದ ಮುಖ. ತಲೆಗೆ ಹಳೆಯ ರುಮಾಲು. ಆದರೆ ಆ ಕಣ್ಣು...! ಎಡಹುಬ್ಬಿನ ಮೇಲಿನ ಆ ಗಾಯದ ಗೆರೆ...! ಆ ಗಾಯಕ್ಕೆ ಹೊಲಿಗೆ ಹಾಕಿದವಳು ಅವಳೇ. ಅದು ಈ ಭೂಮಿಯ ಮೇಲಲ್ಲ.

'ಇವನು...! ಇವನು ಇಲ್ಲಿ!'

ಅವನು ದೆವ್ವ ಕಂಡವನಂತೆ ಪಿಸುಗುಟ್ಟಿದ: "ನೀ... ನೀ ಸತ್ತಿದ್ದಿ."

"ಸಾಯಬೇಕಾದಾಂವ ನೀನಾಗಿದ್ದಿ," ಎಂದಳು ಅವಳು. ಇಕ್ಕಳ ಇನ್ನೊಂದು ಎಳೆಯಷ್ಟು ಮುಂದೆ ಸರಿಯಿತು.

"ಏ ಮಾಳವ್ವಾ! ಹುಚ್ಚ ಹಿಡೀತೇನ ನಿನಗ?" ಪಕ್ಕದ ಮನೆಯ ದಾವಲಬಿ ತನ್ನ ಪಾತ್ರೆಗಳನ್ನು ಕೆಳಗಿಟ್ಟು ಓಡಿ ಬಂದಳು. "ಸ್ಕೈಲ್ಯಾಬ್ ಬಿದ್ದು ನಾವೆಲ್ಲಾ ಸಾಯಾವ್ರ ಅದೀವಿ. ಅದಕ್ಕೂ ಮೊದಲ ನೀ ಈ ಬಡಪಾಯಿನ್ನ ಕೊಂದಗಿಂದೀ!"

"ಸಾಯಾಕಿಗೆ ಪಾತ್ರಿ ಕಲಾಯಿ ಯಾಕ ಬೇಕ, ದಾವಲಬಿ?" ಎಂದು ಕಟ್ಟೆಯ ಮೇಲಿಂದ ಯಾರೋ ಕಿಚಾಯಿಸಿದರು.

"ನಾ ಸತ್ತ ಮ್ಯಾಲೆ ಬಂದವ್ರು ನನ್ನ ಪಾತ್ರಿ ನೋಡಿ ಹೆಸರಿಡಬಾರದು! ಹುಂಜಾನೂ ನಿನ್ನೆ ಕೊಯ್ದು ತಿಂದೇವಿ. ಹೋಗೂದಾದ್ರ ಹೊಟ್ಟಿ ತುಂಬಿ ಹೋಗೂಣು!"

ಓಣಿ ನಕ್ಕಿತು. ಆದರೆ ನಗುವಾಗಲೂ ಎಲ್ಲರ ಕಣ್ಣು ಆಕಾಶದ ಕಡೆಗೇ.

1979ರ ಜುಲೈ ತಿಂಗಳು. ಅಮೆರಿಕದವರು ಅಂತರಿಕ್ಷದಲ್ಲಿ ಕಟ್ಟಿದ ಮನೆಯೊಂದು ಇಂದೋ ನಾಳೆಯೋ ಕುಸಿದು ಬೀಳುತ್ತದೆಂದು ರೇಡಿಯೋ ಹೇಳುತ್ತಿತ್ತು. ಯಾರ ತಲೆಯ ಮೇಲೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಮಾಳವ್ವನಿಗೆ ಆ ಭಯವಿರಲಿಲ್ಲ. ಅವಳ ಭಯವೇ ಬೇರೆ. ಕೆಲವು ಸಂಜೆಗಳಿಂದ ಕಪ್ಪತಗುಡ್ಡದ ನೆತ್ತಿಯ ಮೇಲೆ ಒಂದು ಬಿಳಿ ಚುಕ್ಕೆ ಸುತ್ತುತ್ತಿತ್ತು. ನಕ್ಷತ್ರ ಹಾಗೆ ಸುತ್ತುವುದಿಲ್ಲ. ವಾಸನೆ ಹಿಡಿದ ಬೇಟೆನಾಯಿ ಸುತ್ತುತ್ತದೆ.

ಕಲಾಯಿಗಾರ ತುಟಿ ಅಲುಗಿಸದೆ ಹೇಳಿದ: "ಹೊತ್ತು ಮುಳುಗೂದರಾಗ ಅವ್ರು ಇಲ್ಲಿ ಬರ್ತಾರ. ನನ್ನ ಆಮ್ಯಾಲೆ ಕೊಲ್ಲು. ಮೊದಲ ಮಗಳನ್ನ ಉಳಿಸೂಣು."

ಅವಳು ಇಕ್ಕಳವನ್ನು ಕೆಳಗಿಳಿಸಿದಳು. ಓಣಿಗೆ ಕೇಳುವಂತೆ ಕೂಗಿ ಹೇಳಿದಳು: "ಮನಿಯಾಗ ದೊಡ್ಡ ಹಂಡೆ ಐತಿ, ಹೊರಗ ತರಾಕ ಆಗೂದಿಲ್ಲ. ನಿನ್ನ ತಿದಿ, ಕೆಂಡ ಎಲ್ಲಾ ಹಿತ್ತಲಕ್ಕ ತೊಗೊಂಡು ಬಾ."

* * *

ಮನೆಯೊಳಗೆ ಮುದುಕಿ ನೀಲಗಂಗವ್ವ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ಅಪರಿಚಿತ ಗಂಡಸು ಬೆಂಕಿ ಹೊತ್ತು ಹಿತ್ತಲಿಗೆ ಹೋದದ್ದನ್ನು ನೋಡಿದಳು. ಏನೂ ಕೇಳಲಿಲ್ಲ. ಏಳು ವರ್ಷಗಳ ಹಿಂದೆ, ಕಪ್ಪತಗುಡ್ಡದ ಕಣಿವೆಯಲ್ಲಿ ಮೈಯೆಲ್ಲ ಸುಟ್ಟ ಹೆಂಗಸೊಬ್ಬಳು ಹಸುಗೂಸನ್ನು ಬೆನ್ನಿಗೆ ಬಿಗಿದುಕೊಂಡು ಬಿದ್ದಿದ್ದಾಗಲೂ ಅವಳು ಕೇಳಿರಲಿಲ್ಲ. ಮನೆಗೆ ಕರೆತಂದು, ಮಾಳವ್ವ ಎಂದು ಹೆಸರಿಟ್ಟು, ನೂಲು ಸುತ್ತಲು ಕಲಿಸಿದ್ದಳು.

ಮಾಳವ್ವನ ನಿಜವಾದ ಹೆಸರು ಸೇಯಾ.

ನಕ್ಷತ್ರಗಳಾಚೆಯ ಆರ್ಣಲೋಕ ಅವಳದು. ಅಲ್ಲಿ ಆಳುತ್ತಿದ್ದುದು ಉಕ್ಕುಸಭೆ, ಉಸಿರಿಲ್ಲದ ಯಂತ್ರಗಳ ಸಭೆ. ಹುಟ್ಟಿದ ಪ್ರತಿ ಕೂಸನ್ನೂ ಅದು ತಾಯಿಯ ಮಡಿಲಿನಿಂದ ಕಿತ್ತು ಒಯ್ಯುತ್ತಿತ್ತು. ಒಂದು ಚಳಿಗಾಲ ತಾಯಂದಿರು ತಿರುಗಿ ಬಿದ್ದರು. ಕೂಸನ್ನು ಬೆನ್ನಿಗೆ ಕಟ್ಟಿ ಆಯುಧ ಹಿಡಿದರು. ತೊಟ್ಟಿಲ ದಂಗೆ! ಅದರ ಮುಂದಾಳು ಸೇಯಾ.

ಕೋಟೆಯೊಳಗೆ ನುಸುಳಿ ಹೆಬ್ಬಾಗಿಲು ತೆರೆಯಬೇಕಾಗಿದ್ದವನು ಅವಳ ಗಂಡ, ರಿವಾನ.

ಹೆಬ್ಬಾಗಿಲು ತೆರೆಯಲೇ ಇಲ್ಲ.

ಮುಚ್ಚಿದ ಬಾಗಿಲನ್ನು ಬಡಿಯುತ್ತ, ಬಡಿಯುತ್ತ ಆ ತಾಯಂದಿರು ಹಿಮದಲ್ಲಿ ಒಬ್ಬೊಬ್ಬರಾಗಿ ಉರುಳಿದರು. ಸೇಯಾ ಒಬ್ಬಳೇ ಕೂಸಿನೊಡನೆ ಬಾನದೋಣಿಯೊಂದರಲ್ಲಿ ಪಾರಾದಳು; ಅದು ಉರಿಯುತ್ತ ಕಪ್ಪತಗುಡ್ಡಕ್ಕೆ ಬಂದು ಬಿತ್ತು. ಇಂದಿಗೂ ಓಣಿಯ ಮಗ್ಗಗಳು ಒಟ್ಟಿಗೆ ಬಡಿಯತೊಡಗಿದರೆ ಸೇಯಾಳಿಗೆ ಕೇಳಿಸುವುದು ಆ ಸದ್ದೇ.

ಬಾಗಿಲು ತೆರೆಯದ ಆ ಮನುಷ್ಯ ಈಗ ಅವಳ ಹಿತ್ತಲಿನಲ್ಲಿ ಕೆಂಡ ಊದುತ್ತ ಕುಳಿತಿದ್ದ!

"ಆರ್ಣದ ಮಾತು ಒಂದೂ ಆಡಬ್ಯಾಡ," ಎಂದಳು ಕುಡುಗೋಲು ಹಿಡಿದು. "ಕಡಗ ಕೇಳಿಸ್ಕೊಂತೈತಿ. ಇಲ್ಲೀ ಮಾತಿನಾಗ ಹೇಳು. ಯಾಕ ತೆರೀಲಿಲ್ಲ ಬಾಗಿಲಾ? ಏನ ಕೊಡ್ತೇನಿ ಅಂದ್ರು ನಿನಗ ಅವ್ರು?"

ರಿವಾನ ತನ್ನ ಅಂಗಿಯ ತೋಳು ಸರಿಸಿದ. ಅವನ ಮಣಿಕಟ್ಟಿನಲ್ಲೂ ಕಡಗ. ಆರ್ಣದಲ್ಲಿ ಮದುವೆಯಾದವರು ತೊಡುವ ಜೋಡಿಕಡಗ. ಒಬ್ಬರ ಎದೆಬಡಿತ ಇನ್ನೊಬ್ಬರ ಕೈಯಲ್ಲಿ ಮಿಡಿಯುತ್ತದೆ. ಒಬ್ಬರು ಸತ್ತರೆ ಇನ್ನೊಬ್ಬರದು ಆರುತ್ತದೆ.

"ನಾ ಬಾಗಿಲ ಅಗಳಿ ಮ್ಯಾಲೆ ಕೈ ಇಟ್ಟಿದ್ದೆ," ಎಂದ. "ಆಗ ಇದು ಆರಿತು."

"ಸುಳ್ಳು!"

"ಆರಿತು! ಬೂದಿ ಆದಂಗ ಆತು. ನೀ ಸತ್ತಿ ಅಂತ ತಿಳಕೊಂಡೆ. ನಮ್ಮ ಪದ್ಧತಿ ಏನು? ಜೋಡಿ ಕಡಗ ಆರಿದ್ರ ಹತ್ಯಾರ ಕೆಳಗಿಡಬೇಕು. ಕಡಗದ ಮ್ಯಾಲೆ ಅರಿವಿ ಸುತ್ತಿ, ಕಾಳಗಕ್ಕ ಬೆನ್ನ ಮಾಡಿ, ಒಂದು ದೀಪ ಉರದು ಆರೂಮಟ ಕಣ್ಣ ಮುಚ್ಚಿ ಕುಂಡ್ರಬೇಕು. ಕುಂತೆ..." ಅವನು ಕಡಗವನ್ನು ಅಂಗೈಯಿಂದ ಮುಚ್ಚಿದ. "ಅರಿವಿ ಒಳಗ ಏನೋ ಬಡೀತಿತ್ತು. ನನ್ನ ದುಃಖಾನ ನಡಗತೈತಿ ಅಂದ್ಕೊಂಡೆ. ದೀಪ ಆರಿತು, ಅರಿವಿ ಬಿಚ್ಚಿದೆ... ಕಡಗ ಬೆಳಗಾಕತ್ತಿತ್ತು! ಆದ್ರ ಬಡಿತ ನಿಂದಲ್ಲ. ಸಣ್ಣದು, ಜಲ್ದಿ ಜಲ್ದಿ... ಗುಬ್ಬಿ ಎದಿ ಬಡದಂಗ. ಹೊತ್ತು ಮೀರಿತ್ತು. ಕೋಟೆ ಕೈ ತಪ್ಪಿತ್ತು."

ಸೇಯಾಳ ಕೈಯ ಕುಡುಗೋಲು ಇಳಿಯಿತು.

ಆ ರಾತ್ರಿ... ಹಿಮ... ಬೆನ್ನಿನ ಮೇಲಿನ ಕೂಸು ಅಳುವುದನ್ನು ನಿಲ್ಲಿಸಿತ್ತು. ತುಟಿ ನೀಲಿಗಟ್ಟಿತ್ತು. ಮೈ ಬೆಚ್ಚಗಿಡುವ ಶಕ್ತಿ ಇದ್ದದ್ದು ಕಡಗವೊಂದಕ್ಕೇ. ಬದುಕಿರುವಾಗ ಆರ್ಣದ ಯಾವ ಯೋಧನೂ ಅದನ್ನು ಬಿಚ್ಚಿದ್ದಿಲ್ಲ. ಬಿಚ್ಚಿದರೆ ಏನಾಗುತ್ತದೆಂದು ಬಲ್ಲವರೂ ಇರಲಿಲ್ಲ. ಅವಳು ಬಿಚ್ಚಿದ್ದಳು. ಮಗಳ ಎಳೆಯ ತೋಳಿಗೆ ತೊಡಿಸಿದ್ದಳು. ನಾಲ್ಕಾರು ಉಸಿರಿನ ಮಾತು, ಅಷ್ಟೇ!

'ಆ ನಾಲ್ಕಾರು ಉಸಿರಿನಲ್ಲಿ... ಅವರೆಲ್ಲ...'

"ಬಿಚ್ಚಿದಾಕಿ ನಾನು," ಎಂದಳು. ದನಿ ಎಲ್ಲಿಂದಲೋ ಬಂದಂತಿತ್ತು. "ಬಾಗಿಲಾ ಮುಚ್ಚಿದಾಕಿ ನಾನು..."

"ಅಲ್ಲ. ಕೂಸು ಉಳಿಸಿದಾಕಿ ನೀನು. ಮುಚ್ಚಿದ್ದು ಆ ಪದ್ಧತಿ. ಎದ್ದು ನೋಡಲಾರದ ಕುಂತೆನಲ್ಲ, ಅದು." ಅವನು ಕೆಂಡದ ಕಡೆಗೇ ನೋಡುತ್ತಿದ್ದ. "ಆ ಗುಬ್ಬಿ ಬಡಿತ ಹಿಡಕೊಂಡು ಬಂದೆ. ಮುಂಡರಗಿ ಹೊಳಿದಂಡ್ಯಾಗ ಬಿದ್ದಿದ್ದೆ. ಕಲಾಯಿ ಫಕೀರಸಾಬ ಎತ್ತಿದ. ಹೊಳಿ ಕೊಟ್ಟ ಮಗಾ ಅಂದು ನನಗ ಹೊಳೆಯಪ್ಪ ಅಂತ ಹೆಸರಿಟ್ಟ. ಬೆಳ್ಳಟ್ಟಿ, ಯಳವತ್ತಿ, ಶಿರಹಟ್ಟಿ, ಲಕ್ಷ್ಮೇಶ್ವರ... ಪಾತ್ರಿ ಕೊಡಾಕ ಬಂದ ಹುಡುಗ್ಯಾರ ಕೈಯೆಲ್ಲಾ ನೋಡಿದೆ. ಮಗಳ ಹುಡಕಾಕತ್ತಿದ್ದೆ. ನಿನ್ನಲ್ಲ. ನೀ ಇಲ್ಲ ಅಂತ... ನನ್ನ ಎದಿ ಒಪ್ಪಿಬಿಟ್ಟಿತ್ತು."

ಸೇಯಾ ಕುಡುಗೋಲನ್ನು ಗೋಡೆಗೆ ಒರಗಿಸಿದಳು.

ಮಗಳ ತೋಳಿನ ಮೇಲಿನ ಬೆಳಕು ಅವನ ಎದೆಯದೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ದ್ರೋಹಿ ಬದುಕಿದ್ದಾನೆ ಎಂದು ಹಲ್ಲು ಕಚ್ಚಿ ಅದರ ಮೇಲೆ ನೂಲು ಸುತ್ತಿದ್ದಳು. ಓಣಿಯವರು ದರ್ಗಾದ ತಾಯಿತವೆಂದುಕೊಂಡಿದ್ದರು. ಆದರೆ ಮಗಳು ಮಲಗಿದ ಮೇಲೆ ಎಷ್ಟೋ ಸಲ ಆ ನೂಲನ್ನು ಸರಿಸಿ, ಆ ಬೆಳಕಿಗೆ ಕೆನ್ನೆ ತಾಗಿಸಿದ್ದಳಲ್ಲ... ಅದನ್ನು ಯಾರಿಗೆ ಹೇಳುವುದು?

"ಯವ್ವಾ!" ಕಳಕವ್ವ ಮೆಟ್ಟಿಲ ಮೇಲಿಂದ ಕೂಗಿದಳು. "ಆ ಚುಕ್ಕಿ ನೋಡು... ದೊಡ್ಡದಾಗಾಕತ್ತೈತಿ!"

* * *

ಪಡುವಣದಲ್ಲಿ ಸೂರ್ಯ ಮೋಡದೊಳಗೆ ನಂದುತ್ತಿದ್ದ. ತೆಂಕಣದಲ್ಲಿ, ಕಪ್ಪತಗುಡ್ಡ ಬಿಟ್ಟು ಹೊರಟ, ಉಕ್ಕುಸಭೆ ಅಟ್ಟಿದ ಆ ಬಿಳಿ ಬೆಳಕು ನೇರ ಬೆಟಗೇರಿಯತ್ತ ಬರುತ್ತಿತ್ತು. ಓಣಿಯ ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು.

"ಕಡಗದ ಬಡಿತ ಹಿಡದು ಅವ್ರು ಬರಾಕತ್ತಾರ. ಹುಡುಗಿ ಬೆಳದಂಗ ಅದು ಜೋರಾಗೈತಿ. ನಿನ್ನ ನೂಲು ಸಾಲೂದಿಲ್ಲ ಇನ್ನ," ಎಂದ ರಿವಾನ. "ಬಿಚ್ಚಿ ಒಗದ್ರ, ಒಡತಿ ಸತ್ಲು ಅಂತ ಅದು ಮುಗಲಿಗೆ ಕೂಗು ಹಾಕತೈತಿ, ನನ್ನದು ಬಿಚ್ಚಿದಾಗ ತಿಳೀತು. ಇರೂದು ಒಂದ ದಾರಿ. ಇಲ್ಲಿ ನೋಡು."

ಅವನ ಕಡಗದ ಹೊರಮೈ ಬೆಳ್ಳಗೆ ಹೊಳೆಯುತ್ತಿತ್ತು.

"ಕಲಾಯಿ...?"

"ತವರ ಹಚ್ಚಿದ್ರ ಕಡಗದ ಕಿವಿ, ಕಣ್ಣು ಎರಡೂ ಮುಚ್ಚತಾವ. ಕಲಾಯಿ ಹಚ್ಚಿದ ದಿನದಿಂದ ಅವ್ರಿಗೆ ನಾ ಸಿಕ್ಕಿಲ್ಲ. ಒಳಮೈ ಹಂಗ ಬಿಟ್ಟೇನಿ, ಬಡಿತ ತಿಳೀಲಿ ಅಂತ." ಅವನು ಕೈ ಚಾಚಿದ. "ಬಿಚ್ಚಿ ಕೊಡು. ಕೂಗು ಏಳೂದರಾಗ ಮುಗಸ್ತೇನಿ."

ಅವಳು ಅವನ ಕೈಯನ್ನೇ ನೋಡಿದಳು.

'ಇದೂ ಸುಳ್ಳಾಗಿದ್ದರೆ? ಕಡಗ ಕೈಗೆ ಸಿಕ್ಕೊಡನೆ ಅವನು ಅದನ್ನು ಮೇಲೆತ್ತಿ ಹಿಡಿದರೆ...? ಇನ್ನೊಂದು ಬಾಗಿಲು, ಇನ್ನೊಮ್ಮೆ ಇವನ ಕೈಯಲ್ಲಿ!'

ಕಳಕವ್ವ ತಾಯಿಯ ಸೆರಗು ಹಿಡಿದಳು. "ಯವ್ವಾ, ಇಂವ ಯಾರು?"

ಸೇಯಾ ಬಗ್ಗಿ, ಮಗಳ ತೋಳಿನ ಬೆಳಕನ್ನು ನೋಡಿದಳು. ಅದು ಹುಚ್ಚೆದ್ದು ಮಿಡಿಯುತ್ತಿತ್ತು. ವಂಚಕನ ಎದೆ ಹೀಗೆ ಬಡಿಯುವುದೇ? ಮೋಸ ಮಾಡುವವನಿಗೆ ಇಷ್ಟೊಂದು ಅಂಜಿಕೆ ಎಲ್ಲಿಯದು?

"ನಿಮ್ಮಪ್ಪ," ಎಂದಳು.

ಮತ್ತು ಕಡಗವನ್ನು ಬಿಚ್ಚಿದಳು.

ರಿವಾನನ ಮಣಿಕಟ್ಟಿನಲ್ಲಿ ಮಿಡಿತ ನಿಂತಿತು. ಮತ್ತೊಮ್ಮೆ ಬೂದಿ, ಮತ್ತೊಮ್ಮೆ ಕತ್ತಲೆ! ಅವನ ಮೊಣಕಾಲು ತಾನಾಗಿ ಮಡಚಿತು. ಹುಟ್ಟಿನಿಂದ ರಕ್ತಕ್ಕಿಳಿದ ಪದ್ಧತಿ ಅವನನ್ನು ಕೆಳಗೆಳೆಯುತ್ತಿತ್ತು...

"ಕುಂಡ್ರಬ್ಯಾಡ!" ಸೇಯಾ ಕಿರುಚಿದಳು.

"ಇಲ್ಲ..." ಹಲ್ಲು ಕಚ್ಚಿ ನಿಂತ. "ಈ ಸಲ ಕುಂಡ್ರೂದಿಲ್ಲ. ತಿದಿ ಒತ್ತು!"

ಅವಳು ತಿದಿಗೆ ಎರಗಿದಳು. ದಂಡು ನಡೆಸಿದ ಆ ತೋಳುಗಳು ಗಾಳಿಯೊತ್ತಿದವು. ಕೆಂಡ ಬೆಳ್ಳಗೆ ಉರಿಯಿತು. ಇಕ್ಕಳದಲ್ಲಿ ಕಡಗ ಬಿಸಿಯೇರಿತು. ನವಸಾಗರದ ಪುಡಿ ಬಿದ್ದೊಡನೆ ದಟ್ಟ ಬಿಳಿ ಹೊಗೆಯೆದ್ದು ಹಿತ್ತಲನ್ನು ನುಂಗಿತು. ಆ ಹೊಗೆಯೊಳಗಿಂದ ಸಣ್ಣದೊಂದು ಸದ್ದು... ಕೂಸಿನ ಚೀರಾಟದ ಮೊದಲ ಎಳೆಯಂತೆ...

"ಕೂಗಾಕತ್ತೈತಿ! ಜಲ್ದಿ!"

ತವರದ ಕಡ್ಡಿ ಕರಗಿ ಹರಿಯಿತು. ಅರಳೆಯ ಉಂಡೆಯಿಂದ ಅವನು ಹೊರಮೈಗಷ್ಟೇ ಒರೆಸಿದ. ಒಂದೇ ಸುತ್ತು, ಬೆರಳು ಸುಟ್ಟರೂ ನಿಲ್ಲದೆ. ಸದ್ದು ನಡುವೆಯೇ ಕತ್ತರಿಸಿ ಹೋಯಿತು. ಕಡಗ ಬಕೆಟ್ಟಿನ ನೀರಿಗೆ ಬಿತ್ತು. ಛುಂಯ್!

ಬೆಳಕು ಮನೆಯ ನೆತ್ತಿಗೆ ಬಂದಿತ್ತು.

ಓಣಿಯ ಮಗ್ಗಗಳೆಲ್ಲ ನಿಂತವು. "ಸ್ಕೈಲ್ಯಾಬ್ ಬಂತೋ...!" ಎಂದು ಯಾರೋ ಚೀರಿದರು. ಆಮೇಲೆ ಆ ದನಿಯೂ ಇಲ್ಲ. ಗೋಡೆಯ ಮೇಲೆ ಬೇವಿನೆಲೆಗಳ ನೆರಳು ಕಡುಕಪ್ಪಾಗಿ ಮೂಡಿ, ಹುಡುಕುವ ಬೆರಳುಗಳಂತೆ ನಿಧಾನವಾಗಿ ಸರಿಯತೊಡಗಿತು. ಹಂಡೆಯ ಮೇಲೆ... ಬಾಗಿಲ ಮೇಲೆ... ಮಗಳನ್ನು ಅಪ್ಪಿ ಕುಳಿತ ಸೇಯಾಳ ಮೇಲೆ...

ಅವಳ ಇನ್ನೊಂದು ಕೈ ರಿವಾನನ ಕೈಯಲ್ಲಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೆಂದು ಅವಳಿಗೆ ತಿಳಿಯದು.

ಬೆಳಕು ನಿಂತಿತು. ಏನನ್ನೋ ಕೇಳಿಸಿಕೊಳ್ಳುವಂತೆ ಬಹಳ ಹೊತ್ತು ನಿಂತಿತು.

ಆಮೇಲೆ ತಿರುಗಿ, ಬಂದ ದಾರಿಯಲ್ಲಿಯೇ ಗುಡ್ಡದ ಕಡೆ ಸರಿದುಹೋಯಿತು.

ಮೊದಲು ಬಂದದ್ದು ಗೋಡೆಯಾಚೆಯಿಂದ ದಾವಲಬಿಯ ದನಿ. "ಯಾ ಅಲ್ಲಾ...! ಬೀಳಲೇ ಇಲ್ಲಲ್ಲ! ನನ್ನ ಹುಂಜಾ ಸುಮ್ಮ ಸುಮ್ಮನ ಸತ್ತಿತು!"

ಕಳಕವ್ವ ಕಿಲಕಿಲ ನಕ್ಕಳು. ಒಳಗೆ ನೀಲಗಂಗವ್ವನ ಮಗ್ಗ ಮತ್ತೆ ಬಡಿಯಿತು. ಅದರ ನಡುವೆಯೇ ಮುದುಕಿಯ ಮಾತು ತೇಲಿ ಬಂತು: "ಮಾಳವ್ವಾ, ಹಂಡೆ ಕಲಾಯಿ ಮುಗೀತಂದ್ರ ಅವನ್ನ ಉಣ್ಣಾಕ ಕರಿಯವ್ವಾ. ಏಳು ವರ್ಷದ ಹಸವಿ ಕಾಣತೈತಿ ಮಾರಿ ಮ್ಯಾಲೆ."

ಸೇಯಾ ನೀರಿನಿಂದ ಕಡಗವನ್ನೆತ್ತಿದಳು. ಮಗಳ ತೋಳಿಗೆ ತೊಡಿಸಲಿಲ್ಲ. ಬಹುಕಾಲದಿಂದ ಬರಿದಾಗಿದ್ದ ತನ್ನ ಮಣಿಕಟ್ಟಿಗೆ ಏರಿಸಿಕೊಂಡಳು.

ರಿವಾನ ಬೆಚ್ಚಿದ. ಅವನ ಕೈಯಲ್ಲಿ ಗುಬ್ಬಿಯ ಮಿಡಿತವಿರಲಿಲ್ಲ. ಅದೇ ಹಳೆಯ ನಡಿಗೆ, ಆಳದ, ಗಟ್ಟಿಯ ಬಡಿತ. ಹೂಳಿ ಬಂದೆನೆಂದುಕೊಂಡಿದ್ದ ಬಡಿತ!

ಅವನ ಕಣ್ಣಿಂದ ಹರಿದ ನೀರು ಮಸಿಯಲ್ಲಿ ಗೆರೆ ಎಳೆಯಿತು. ಸುಟ್ಟ ಬೆರಳುಗಳನ್ನು ಅವಳು ತನ್ನ ಸೆರಗಿನಲ್ಲಿ ಸುತ್ತಿದಳು.

"ಅವ್ರು ಮತ್ತ ಬರ್ತಾರ," ಎಂದಳು, ಗುಡ್ಡದ ಕಡೆ ನೋಡುತ್ತ.

"ಬರ್ತಾರ."

"ಇನ್ನ ಕಡಗಕ್ಕ ಕೇಳಸೂದಿಲ್ಲ, ಹೌದಲ್ಲ? ನನ್ನ ಹೆಸರ ಹಿಡದು ಒಮ್ಮೆ ಕರಿ."

"ಸೇಯಾ..."

ಅವಳು ಕಣ್ಣು ಮುಚ್ಚಿದಳು. ಅವನು ತನ್ನ ಮಣಿಕಟ್ಟನ್ನು ನೋಡಿಕೊಂಡು ಮೆಲ್ಲಗೆ ಕೇಳಿದ: "ಯಾಕ ಇಷ್ಟ ಜೋರ ಬಡೀತೈತಿ? ಅಂಜಿಕಿ ಬರಾಕತ್ತೈತೇನು?"

"ಅಂಜಿಕಿ ಆಗಿದ್ರ ನಿನ್ನ ಕೈಗೆ ಗೊತ್ತಾಗ್ತಿತ್ತು," ಎಂದಳು ಸೇಯಾ. "ಸರಿಯಾಗಿ ಕೇಳು... ನನ್ನ ಬಾಯಿ ಸುಳ್ಳ ಹೇಳಿದ್ರೂ ಎದಿ ಬಡಿತ ಸುಳ್ಳ ಹೇಳೂದಿಲ್ಲ."